ಗೇಣು ಚಿಕ್ಕದಿದ್ರೆ ಯಾವ ಬೇಸ್ ಗಿಟಾರ್ ತಗೋಬೇಕು

ನಾನಿರೋದು 4 ಅಡಿ 11 ಇಂಚು. ಮೊದಲನೇ ಬೇಸ್ ತಗೊಳೋಕೆ ಹೋದಾಗ ಅಂಗಡಿ ಹುಡುಗ ಒಂದ್ಸಲ ನನ್ನ ಅಡಿಯಿಂದ ಮುಡಿವರೆಗೂ ನೋಡಿ "ಮೇಡಂ ನಿಮ್ಗೆ ಸಣ್ಣ ಬಾಡಿದೇ ಸರಿ" ಅಂತ ಮೇಲಿಂದ ಒಂದು ಇಳಿಸಿಕೊಟ್ಟ, ನೋಡೋಕೆ ಮುದ್ದಾಗಿತ್ತು, ಎತ್ತಿದ್ರೆ ಹಗುರ, ಮರುಮಾತಾಡದೆ ದುಡ್ಡು ಕೊಟ್ಟು ಬಂದೆ. ಮೂರು ವಾರಕ್ಕೆ ಎಡಗೈ ಮಣಿಕಟ್ಟಿಗೆ ಬಿಸಿನೀರಿನ ಬಟ್ಟೆ ಸುತ್ಕೊಂಡು ಕೂತಿದ್ದೆ. ಬಾಡಿ ಸಣ್ಣದೇ, ಆದ್ರೆ ಕತ್ತು ಪೂರ್ತಿ ದೊಡ್ಡೋರ ಸೈಜು, 34 ಇಂಚು. ನಾನು ಕೇಳಿರ್ಲಿಲ್ಲ, ಅವನು ಹೇಳ್ಲಿಲ್ಲ.

ಹಾಗಾಗಿ ಕುಳ್ಳಗಿರೋರು, ಸಣ್ಣ ಕೈ ಇರೋರು ಬಾಡಿ ನೋಡೋಕ್ ಮುಂಚೆ ಸ್ಕೇಲ್ ಲೆಂತ್ ಕೇಳಿ. ಅಂದ್ರೆ ತಲೆ ಹತ್ರ ಇರೋ ನಟ್‌ನಿಂದ ಕೆಳಗಿನ ಬ್ರಿಜ್‌ವರೆಗೆ ತಂತಿ ಮಿಡಿಯೋ ಉದ್ದ. ಅಮೆರಿಕದ ಗಿಟಾರ್ ಕಂಪನಿ ಫೆಂಡರ್‌ನವರು 1951ರಲ್ಲಿ ಪ್ರಿಸಿಷನ್ ಬೇಸನ್ನ 34 ಇಂಚಿಗೆ ಮಾಡಿದ್ರು, ಆಮೇಲೆ ಅದೇ ಎಲ್ಲರ ಅಳತೆ ಆಗೋಯ್ತು, ಅದನ್ನ ಲಾಂಗ್ ಸ್ಕೇಲ್ ಅಂತಾರೆ. 32 ಇಂಚು ಇದ್ರೆ ಮೀಡಿಯಂ, 30ರ ಆಸುಪಾಸು ಶಾರ್ಟ್.

ನಾಲ್ಕಿಂಚು ಏನ್ ಮಹಾ ಅನ್ಸತ್ತೆ ಅಲ್ವಾ. ಮನೇಲಿರೋ ಅಳತೆಪಟ್ಟಿ ತಗೊಳಿ, ಮೇಜಿನ ಮೇಲಿಟ್ಟು ಎಡಗೈ ತೋರುಬೆರಳು ಸೊನ್ನೆ ಮೇಲಿಡಿ, ಬೆರಳು ಬಗ್ಗಿಸ್ಕೊಂಡೇ, ಚಪ್ಪಟೆ ಮಾಡ್ಬೇಡಿ, ಕಿರುಬೆರಳು ಎಲ್ಲಿವರೆಗೆ ಆರಾಮಾಗಿ ಹೋಗತ್ತೆ ನೋಡಿ. ಫ್ರೆಟ್ ಅಂದ್ರೆ ಕತ್ತಿನ ಮೇಲಿರೋ ಅಡ್ಡ ಲೋಹದ ಪಟ್ಟಿ, ಎಣಿಸೋದು ತಲೆ ಕಡೆಯಿಂದ. 34 ಇಂಚಿನ ಬೇಸಲ್ಲಿ ಒಂದನೇ ಫ್ರೆಟ್‌ನಿಂದ ನಾಲ್ಕನೇ ಫ್ರೆಟ್‌ಗೆ ಸುಮಾರು 13 ಸೆಂ.ಮೀ., 30 ಇಂಚಿನದ್ರಲ್ಲಿ 11.4. ನಂದು 11.5ಕ್ಕೇ ನಡುಗೋಕೆ ಶುರುವಾಗತ್ತೆ. ಆ ಒಂದೂವರೆ ಸೆಂಟಿಮೀಟರೇ ನನ್ನ ಮಣಿಕಟ್ಟು ತಿಂದಿದ್ದು.

ಅಂಗಡೀಲಿ ಶಾರ್ಟ್ ಸ್ಕೇಲ್ ಇಟ್ಟೇ ಇರಲ್ಲ ಎಷ್ಟೋ ಕಡೆ, ಹಂಗಿದ್ರೆ ನಾನು ಮಾಡೋ ಒಂದು ಕಿತಾಪತಿ ಹೇಳ್ತೀನಿ. ಯಾವುದಾದ್ರೂ 34 ಇಂಚಿನ ಬೇಸ್ ಇಸ್ಕೊಂಡು ಎರಡನೇ ಫ್ರೆಟ್ ಮೇಲೆ ಕೇಪೋ (ಎಲ್ಲಾ ತಂತೀನೂ ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್ಪು) ಹಾಕಿ. ಈಗ ಮಿಡಿಯೋ ತಂತಿ 30.3 ಇಂಚು, ಅಂದ್ರೆ ಕೈಗೆ ಶಾರ್ಟ್ ಸ್ಕೇಲೇ. ಒಂದನೇ ಫ್ರೆಟ್‌ಗೆ ಹಾಕಿದ್ರೆ 32, ಮೀಡಿಯಂ. ಮೂರನೇದಕ್ಕೆ ಹಾಕಿದ್ರೆ 28.6, ಐಬನೇಜ್ ಮೈಕ್ರೋ ಅಂತ ಮಕ್ಕಳಿಗೂ ಸಣ್ಣ ಕೈಯೋರಿಗೂ ಮಾಡಿರೋ ಬೇಸ್ ಇದ್ಯಲ್ಲ, ಸರಿಯಾಗಿ ಅದರ ಅಳತೆ! ಗಿಟಾರ್ ಕೇಪೋ ಬೇಸಿನ ದಪ್ಪ ತಂತೀನ ಪೂರ್ತಿ ಒತ್ತದೆ ಬರ್ರ್ ಅಂದ್ರೂ ತಲೆ ಕೆಡಿಸ್ಕೋಬೇಡಿ, ನಾವು ನೋಡ್ತಿರೋದು ಕೈಯನ್ನ, ನಾದವನ್ನಲ್ಲ. ಮೂರೂ ಕಡೆ ಹಾಕಿ ಹತ್ತತ್ತು ನಿಮಿಷ ನುಡಿಸಿ, ನಿಮ್ಮ ಅಳತೆ ಯಾವುದು ಅಂತ ಕೈನೇ ಹೇಳತ್ತೆ. ಮನೇಲಿ ಲಾಂಗ್ ಸ್ಕೇಲ್ ಇರೋರು ನಾಲ್ಕೂ ತಂತೀನ ಒಂದೊಂದು ಟೋನ್ (ಎರಡು ಫ್ರೆಟ್ಟಿನಷ್ಟು) ಇಳಿಸಿ ಎರಡನೇ ಫ್ರೆಟ್‌ಗೆ ಕೇಪೋ ಹಾಕಿದ್ರೆ ಶ್ರುತಿ ಮಾಮೂಲಿ ಇ ಎ ಡಿ ಜಿ ಬರತ್ತೆ, ಬಿಗಿ ಕೂಡ ಶಾರ್ಟ್ ಸ್ಕೇಲಿನಷ್ಟೇ. ಅದೇ ತಂತಿ ಅದೇ ಶ್ರುತಿಗೆ 34ರಿಂದ 30ಕ್ಕೆ ಬಂದ್ರೆ ಬಿಗಿ ಸುಮಾರು 22 ಪರ್ಸೆಂಟ್ ಕಮ್ಮಿ ಆಗತ್ತೆ, ಒತ್ತೋ ಬೆರಳಿಗೆ ಇದು ದೊಡ್ಡ ಉಪಕಾರ. ಎರಡು ವಾರ ಹಂಗೇ ನುಡಿಸಿ ನೋಡಿ, ಕೇಪೋ ಖರ್ಚು ಬಿಟ್ರೆ ಬೇರೆ ಖರ್ಚಿಲ್ಲ.

ಇನ್ನು ಬಾಡಿ ವಿಷಯ. ಇಲ್ಲೇ ಎಲ್ಲರೂ ಏಮಾರೋದು. 1980ರ ದಶಕದಲ್ಲಿ ಹೆಸರು ಮಾಡಿದ ಸ್ಟೈನ್‌ಬರ್ಗರ್ ಬೇಸ್ ನೋಡಿದ್ರೆ ತಲೇನೇ ಇಲ್ಲ, ಬಾಡಿ ದೋಣಿ ಹುಟ್ಟಿನ ಅಗಲ, ಆದ್ರೆ ಸ್ಕೇಲ್ 34 ಇಂಚು. ಕೈಗೆ ಒಂದು ಕೂದಲೆಳೆ ರಿಯಾಯಿತಿ ಇಲ್ಲ. ಇನ್ನೊಂದು, ಬಾಡಿ ಮೇಲ್ಗಡೆ ಕೊಂಬು ಚಾಚ್ಕೊಂಡಿರತ್ತಲ್ಲ, ಅದರ ತುದೀಲಿ ಸ್ಟ್ರಾಪ್ ಬಟನ್ ಇರತ್ತೆ, ಆ ಕೊಂಬು 12ನೇ ಫ್ರೆಟ್ ಹತ್ರ ಮುಟ್ಟಿದ್ರೆ ಇಡೀ ಗಿಟಾರ್ ಬಲಕ್ಕೆ ಸರಿದು ಒಂದನೇ ಫ್ರೆಟ್ ನಿಮ್ಮ ಹತ್ರ ಬರತ್ತೆ. ಕೊಂಬು ಮೊಟಕಾಗಿದ್ರೆ ಗಿಟಾರೇ ಎಡಕ್ಕೆ ಜಾರತ್ತೆ, ಒಂದನೇ ಫ್ರೆಟ್ ಹಿಡಿಯೋಕೆ ಪಕ್ಕದ ಮನೆ ಕಾಂಪೌಂಡ್ ಮೇಲೆ ಕೈ ಹಾಕಿದಂಗೆ ಆಗತ್ತೆ. ಸಣ್ಣ ಬಾಡಿ ಅಂತ ಕೊಂಬೇ ಇಲ್ಲದ್ದು ತಗೊಂಡ್ರೆ ಕೆಲವೊಮ್ಮೆ ಇದ್ದ ಕಷ್ಟ ಜಾಸ್ತಿನೇ ಆಗೋದು.

ಅದಕ್ಕೆ ಅಂಗಡೀಲಿ ಸ್ಟೂಲ್ ಮೇಲೆ ಕೂತು ನುಡಿಸಿ ನೋಡಿದ್ರೆ ಸಾಲದು. ಸ್ಟ್ರಾಪ್ ಕೇಳಿ, ಹಾಕ್ಕೊಂಡು ನಿಂತ್ಕೊಳಿ, ಎರಡೂ ಕೈ ಬಿಟ್ಬಿಡಿ (ಕೆಳಗೆ ಬಿದ್ರೆ ಅಂತ ಒಂದು ಕೈ ಹತ್ರದಲ್ಲೇ ಇರ್ಲಿ, ಅಂಗಡಿಯೋರು ನೋಡ್ತಿರ್ತಾರೆ). ಗಿಟಾರಿನ ತಲೆ ನೆಲದ ಕಡೆ ವಾಲ್ತಾ? ಹಂಗಾದ್ರೆ ನುಡಿಸೋವಾಗೆಲ್ಲ ಎಡಗೈ ಅದನ್ನ ಎತ್ತಿ ಹಿಡಿಯೋ ಕೂಲಿನೂ ಮಾಡ್ಬೇಕು. ಹಗುರ ಬಾಡಿ, ದಪ್ಪ ಬಿರಡೆ ಇರೋ ಬೇಸ್‌ಗಳಲ್ಲಿ ಇದು ಹೆಚ್ಚು. ಅಗಲ ಚರ್ಮದ ಸ್ಟ್ರಾಪ್, ಒಳಮೈ ಒರಟಾಗಿರೋದು, ಹಾಕಿದ್ರೆ ಭುಜದ ಮೇಲೆ ಜಾರೋದು ಸ್ವಲ್ಪ ನಿಲ್ಲತ್ತೆ, ಪೂರ್ತಿ ಹೋಗಲ್ಲ. ತೂಕ ಅಂದ್ರೆ ಮಾಮೂಲಿ ಬೇಸ್ 4 ಕೆಜಿ ಆಸುಪಾಸು, ಒಂದು ಗಂಟೆ ನಿಂತು ನುಡಿಸೋರಿಗೆ ಮೂರೂವರೆ ಒಳಗೆ ಸಿಕ್ರೆ ಒಳ್ಳೇದು.

ಯಾವ ಮಾಡೆಲ್ ಅಂತ ಕೇಳ್ತೀರ. ಮೈಕ್ರೋ ಬಗ್ಗೆ ಆಗ್ಲೇ ಹೇಳ್ದೆ, ತೀರಾ ಸಣ್ಣ ಕೈ ಇದ್ರೆ, ಇಲ್ಲಾ ಮಗುಗೆ ಕೊಡಿಸೋದಾದ್ರೆ ಸರಿ. 30 ಇಂಚಿನದ್ರಲ್ಲಿ ಸ್ಕ್ವಯರ್ ಬ್ರಾಂಕೋ, ಐಬನೇಜ್ ಟಾಲ್‌ಮನ್ ಟಿಎಂಬಿ30, ಗ್ರೆಚ್ ಜೂನಿಯರ್ ಜೆಟ್ ಇವೆಲ್ಲ ಶುರು ಮಾಡೋಕೆ ಚೆನ್ನಾಗಿವೆ, ದುಡ್ಡು ಹೆಚ್ಚಿದ್ರೆ ಫೆಂಡರ್ ಮಸ್ಟ್ಯಾಂಗ್, ಅದು 1966ರಿಂದ ಇರೋ ಹಳೇ ಡಿಸೈನು. ಹಾಫ್ನರ್ ಪಿಟೀಲು ಆಕಾರದ್ದು ಹೂವಿನ ಹಾಗೆ ಹಗುರ, ಒಳಗೆ ಟೊಳ್ಳು, ಆದ್ರೆ ಆಂಪ್ (ಸದ್ದು ಜೋರು ಮಾಡೋ ಪೆಟ್ಟಿಗೆ) ಜೋರಿಟ್ರೆ ಕೂಗತ್ತೆ. ಕತ್ತಿನ ಅಗಲಾನೂ ನೋಡಿ, ನಟ್ ಹತ್ರ 38 ಮಿ.ಮೀ. ಇರೋದು ಅಂದ್ರೆ ಫೆಂಡರ್‌ನವರದ್ದೇ ಜಾಜ್ ಬೇಸ್ ಮಾಡೆಲ್ ಥರದ್ದು, ಸಣ್ಣ ಕೈಯೋರಿಗೆ ಹೆಬ್ಬೆರಳು ಹಿಂದೆ ನೆಟ್ಟಗೆ ನಿಲ್ಲಿಸೋಕೆ ಸುಲಭ. ಶಾರ್ಟ್ ಸ್ಕೇಲಲ್ಲಿ ಐದು ತಂತಿದು ಮಾತ್ರ ಬೇಡ ಅಂತೀನಿ, ತೀರಾ ಮಂದ್ರದ ಬಿ ತಂತಿ ಒದ್ದೆ ಹಗ್ಗದ ಥರ ಅಲ್ಲಾಡತ್ತೆ.

"ಅದು ಆಟಿಕೆ ಕಣೇ" ಅನ್ನೋ ಅಣ್ಣಂದಿರು ಸಿಕ್ಕೇ ಸಿಗ್ತಾರೆ. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ತಗೊಂಡಿದ್ದ ಹಾಫ್ನರ್ ಶಾರ್ಟ್ ಸ್ಕೇಲೇ, 1972ರಲ್ಲಿ ಕಳುವಾಗಿ ಐವತ್ತು ವರ್ಷದ ಮೇಲೆ ವಾಪಸ್ ಸಿಕ್ತಲ್ಲ, ಅದೇ. ಜಾಜ್ ಬೇಸ್ ವಾದಕ ಸ್ಟ್ಯಾನ್ಲಿ ಕ್ಲಾರ್ಕ್ ಅಂತೂ ಆರಡಿ ದಾಟಿದ ಆಳು, ಅವರ ಅಲೆಂಬಿಕ್ ಕಂಪನಿ ಬೇಸ್ 30 ಮುಕ್ಕಾಲು ಇಂಚು. ಹಾಗೇ ಉಲ್ಟಾನೂ ಹೇಳ್ಬೇಕು, ರಾಕ್ ಗಾಯಕಿ ಸೂಜಿ ಕ್ವಾಟ್ರೋ ಐದಡಿ ಆಸುಪಾಸಿನ ಹೆಂಗಸು, ನುಡಿಸಿದ್ದು ಫೆಂಡರ್ ಪ್ರಿಸಿಷನ್. ಹಾಗಾಗಿ ಕುಳ್ಳಗಿದ್ದೀನಿ ಅಂತ ಶಾರ್ಟ್ ಸ್ಕೇಲೇ ತಗೋಬೇಕು ಅಂತೇನಿಲ್ಲ, ಕೈ ಒಪ್ಪಿದ್ರೆ ಮುಗೀತು. ನಾದ ಬೇರೆ ಇರೋದು ನಿಜ, ಶಾರ್ಟ್ ಸ್ಕೇಲ್‌ದು ಗುಂಡಗೆ, ಮೆತ್ತಗೆ, ಪಿಯಾನೋ ಥರ ಕಣಕಣ ಅನ್ನೋದು ಬೇಕು ಅನ್ನೋರಿಗೆ ನಿರಾಸೆ ಆಗ್ಬಹುದು.

ತಂತಿ ತಗೊಳೋವಾಗ ಪ್ಯಾಕೆಟ್ ಮೇಲೆ ಶಾರ್ಟ್ ಸ್ಕೇಲ್ ಅಂತ ಇರ್ಲೇಬೇಕು. ಲಾಂಗ್ ಸ್ಕೇಲ್ ತಂತಿ ಕತ್ತರಿಸಿ ಹಾಕಿದ್ರಾಯ್ತು ಅಂತ ಹಾಕ್ಸೋರಿದ್ದಾರೆ, ತಂತಿಯ ದಪ್ಪ ಭಾಗವೇ ಬಿರಡೆಗೆ ಸುತ್ತಕ್ಕೆ ಹೋಗಿ ಅಲ್ಲೇ ಬಿಚ್ಕೊಳತ್ತೆ ಇಲ್ಲಾ ತುಂಡಾಗತ್ತೆ. ನಮ್ಮೂರ ಅಂಗಡೀಲಿ ಕೇಳಿದ್ರೆ "ಅದೆಲ್ಲ ಒಂದೇ ಮೇಡಂ" ಅಂದ್ರು, ನಾನೀಗ ಎರಡು ಸೆಟ್ ಒಟ್ಟಿಗೆ ಆನ್‌ಲೈನಲ್ಲಿ ತರಿಸಿ ಇಟ್ಕೋತೀನಿ.

ಈಗಾಗ್ಲೇ ಲಾಂಗ್ ಸ್ಕೇಲ್ ತಗೊಂಡು ಒದ್ದಾಡ್ತಿರೋರು ಅದನ್ನ ಮಾರೋಕ್ ಮುಂಚೆ ಡಬಲ್ ಬೇಸ್ (ನಿಲ್ಲಿಸ್ಕೊಂಡು ನುಡಿಸೋ ದೈತ್ಯ ಪಿಟೀಲಿನಂಥದ್ದು) ನುಡಿಸೋರ ಬೆರಳು ಕ್ರಮ ಕಲೀರಿ, ಅವರದ್ದು 41-42 ಇಂಚು ಪಾಪ. ತಲೆ ಹತ್ರದ ಫ್ರೆಟ್‌ಗಳಲ್ಲಿ ಬೆರಳಿಗೊಂದು ಫ್ರೆಟ್ ಅಂತ ಹಿಗ್ಗಿಸೋ ಬದಲು ಮೂರು ಫ್ರೆಟ್‌ಗೆ ತೋರುಬೆರಳು, ನಡುಬೆರಳು, ಕಿರುಬೆರಳು ಇಡ್ತಾರೆ, ಉಂಗುರ ಬೆರಳು ಕಿರುಬೆರಳಿಗೆ ಆಸರೆ ಕೊಡತ್ತೆ, ನಾಲ್ಕನೇ ಫ್ರೆಟ್ ಬೇಕಾದಾಗ ಇಡೀ ಕೈ ಸರಿಸ್ತಾರೆ. ಸ್ಟ್ರಾಪ್ ಎರಡಿಂಚು ಮೇಲೆತ್ತಿ, ಮಣಿಕಟ್ಟು ಮಡಚೋದು ತಾನಾಗೇ ಕಮ್ಮಿ ಆಗತ್ತೆ.

ಶಾರ್ಟ್ ಸ್ಕೇಲಿಗೆ ಬದಲಾಯಿಸಿದೋರು ಹಳೇ ಉದ್ದದ ಬ್ಯಾಗಲ್ಲೇ ಹಾಕ್ಕೊಂಡು ಬಸ್ ಹತ್ತಿದ್ರೆ ಒಳಗೆ ಮೇಲೆ ಕೆಳಗೆ ಓಡಾಡಿ ತಲೆ ಬಡ್ಕೊಳತ್ತೆ, ಹೊಸ ಬ್ಯಾಗ್ ಬರೋವರೆಗೆ ತಳದಲ್ಲಿ ಒಂದು ಹಳೇ ಟವಲ್ ಮಡಚಿ ಇಟ್ಕೊಳಿ.