ಹಿತ್ತಿಲಲ್ಲಿ ಹತ್ತು ಕೋಳಿ: ಸಾಕುವುದು ಹೇಗೆ, ಕಳೆದುಕೊಳ್ಳುವುದು ಹೇಗೆ

ಹತ್ತು ಮರಿ ತಂದರೆ ಆರು ಕೋಳಿ ಆಗುತ್ತವೆ. ನಮ್ಮ ಹಿತ್ತಿಲಿನ ಲೆಕ್ಕ ಇದು. ಮೊದಲೇ ಗೊತ್ತಿದ್ದರೆ ಆ ನಾಲ್ಕು ಹೋದಾಗ ಅಷ್ಟು ಬೇಜಾರಾಗುತ್ತಿರಲಿಲ್ಲವೋ ಏನೋ.

ನಮ್ಮ ಮನೆ ಉಡುಪಿಯಿಂದ ಹಿರಿಯಡ್ಕಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ. ಎದುರು ಅಂಗಳ, ಬದಿಯಲ್ಲಿ ಒಂದಿಷ್ಟು ಅಡಿಕೆ ಮರ, ಹಿಂದೆ ಹಾಡಿ, ಅಂದರೆ ಕುರುಚಲು ಕಾಡು. ಹಾಡಿ ಇದ್ದರೆ ಕೋಳಿಗಳಿಗೆ ಗೆದ್ದಲು, ಹುಳ, ನೆರಳು ಎಲ್ಲ ಸಿಗುತ್ತದೆ. ಹಾಡಿಯಲ್ಲಿ ಇರುವವರಿಗೆ ಕೋಳಿ ಸಿಗುತ್ತದೆ. ಆರು ವರ್ಷದಿಂದ ಈ ಎರಡರ ಮಧ್ಯೆ ನಮ್ಮ ಸಾಕಣೆ ನಡೆದಿದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇಷ್ಟು.

ಮೊದಲು ಗೂಡು, ಆಮೇಲೆ ಕೋಳಿ

ನಾನು ಮಾಡಿದ್ದು ಉಲ್ಟಾ. ಸಂತೆಗೆ ತೆಂಗಿನಕಾಯಿ ಕೊಡಲು ಹೋದವನು ರಟ್ಟಿನ ಪೆಟ್ಟಿಗೆಯಲ್ಲಿ ಹತ್ತು ಮರಿ ಹಿಡಿದುಕೊಂಡು ಬಂದೆ. ಗೂಡು ಆಗುವವರೆಗೆ ಅವು ನಮ್ಮ ಬಚ್ಚಲುಮನೆಯಲ್ಲಿದ್ದವು. ಅಷ್ಟು ದಿನವೂ ಮನೆಯವರು ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಹಗಲು ಹೊರಗೆ ಮೇಯುವ ಹತ್ತು ಕೋಳಿಗೆ ರಾತ್ರಿ ಮಲಗಲು ನಾಲ್ಕು ಅಡಿ ಅಗಲ, ಐದು ಅಡಿ ಉದ್ದದ ಗೂಡು ಸಾಕು. ಒಂದಕ್ಕೆ ಎರಡು ಚದರ ಅಡಿ ಎಂಬ ಲೆಕ್ಕ. ನೆಲದಲ್ಲಿ ಕಟ್ಟಬೇಡಿ. ನಾಲ್ಕು ಮೂಲೆಗೆ ಮುರಕಲ್ಲು ಇಟ್ಟು ಎರಡೂವರೆ ಅಡಿ ಎತ್ತರಿಸಿ. ತಳಕ್ಕೆ ಅಡಿಕೆ ಮರದ ಸಲಾಕೆಯನ್ನು ಅರ್ಧ ಇಂಚು ಸಂದು ಬಿಟ್ಟು ಹೊಡೆದರೆ ಹಿಕ್ಕೆ ಕೆಳಗೆ ಬೀಳುತ್ತದೆ. ಅದನ್ನು ಒಟ್ಟು ಮಾಡಿ, ಕೆಲವು ತಿಂಗಳು ಕೊಳೆಯಲು ಬಿಟ್ಟು ತೆಂಗಿನ ಬುಡಕ್ಕೆ ಹಾಕಬಹುದು. ಹಸಿ ಹಿಕ್ಕೆಯನ್ನೇ ಗಿಡಕ್ಕೆ ಹಾಕಿದರೆ ಗಿಡ ಸುಡುತ್ತದೆ. ಬಸಳೆ ಚಪ್ಪರ ಒಂದನ್ನು ನಾನು ಹೀಗೆ ಒಣಗಿಸಿದ್ದೇನೆ.

ಮಾಡಿಗೆ ಹಂಚು ಒಳ್ಳೆಯದು, ತಗಡಿನ ಶೀಟ್ ಏಪ್ರಿಲ್‌ನಲ್ಲಿ ಕಾವಲಿಯ ಹಾಗೆ ಕಾಯುತ್ತದೆ. ಬಾಗಿಲು ಪೂರ್ವಕ್ಕಿರಲಿ. ನಮ್ಮ ಮಳೆ ಸಮುದ್ರದ ಕಡೆಯಿಂದ ಓರೆಯಾಗಿ ಹೊಡೆಯುತ್ತದೆ ಅಲ್ವಾ, ಹಾಗಾಗಿ ಪಶ್ಚಿಮ ಮತ್ತು ದಕ್ಷಿಣದ ಬದಿಗೆ ಹಲಗೆ ಬೇಕು. ಮಡಲು ಕಟ್ಟಿದರೂ ನಡೆಯುತ್ತದೆ, ಆದರೆ ಪ್ರತಿ ಮೇ ತಿಂಗಳು ಹೊಸದು ಕಟ್ಟಬೇಕು.

ಇನ್ನು ಬಲೆ. ಇಲ್ಲಿ ಉಳಿತಾಯ ಮಾಡಬೇಡಿ. ನಾನು ಬೇಲಿಗೆ ಹಾಕುವ ದೊಡ್ಡ ಕಣ್ಣಿನ ಬಲೆ ತಂದು ಹೊಡೆದೆ, ಅರ್ಧ ದುಡ್ಡು ಉಳಿಯಿತು. ಮೂರನೇ ತಿಂಗಳು ಒಂದು ಬೆಳಿಗ್ಗೆ ಹೋಗಿ ನೋಡಿದರೆ ಬಾಗಿಲು ಹಾಕಿದ ಹಾಗೇ ಇದೆ, ಚಿಲಕ ಸರಿ ಇದೆ. ಒಳಗೆ ಎರಡು ಕೋಳಿ ಬಲೆಗೆ ಒತ್ತಿಕೊಂಡು ನಿಂತ ಹಾಗೆ ಕಾಣುತ್ತಿತ್ತು. ಹತ್ತಿರ ಹೋದೆ. ಎರಡಕ್ಕೂ ತಲೆ ಇರಲಿಲ್ಲ. ರಾತ್ರಿ ಕಾಡುಬೆಕ್ಕೋ ಪುನುಗಿನ ಬೆಕ್ಕೋ ಹೊರಗಿನಿಂದ ಕೈ ಹಾಕಿದೆ. ಹೆದರಿದ ಕೋಳಿ ಹಿಂದೆ ಸರಿಯುವ ಬದಲು ಬಲೆಗೇ ನುಗ್ಗಿ ಕುತ್ತಿಗೆ ಹೊರಗೆ ಹಾಕಿದೆ. ಈಗ ನಮ್ಮಲ್ಲಿ ಅರ್ಧ ಇಂಚಿನ ವೆಲ್ಡ್ ಮೆಶ್. ಬೆರಳು ತೂರದ ಸಂದೇ ಸರಿಯಾದ ಸಂದು. ಒಳಗೆ ಕೂರಲು ಹಾಕುವ ಅಡ್ಡ ಕೋಲು ಕೂಡ ಬಲೆಯಿಂದ ಒಂದು ಅಡಿ ದೂರ ಇರಲಿ.

ಯಾವ ಕೋಳಿ?

ಊರ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಡುತ್ತದೆ, ಅಷ್ಟೇ. ಹನ್ನೆರಡು, ಹದಿನೈದು ಇಟ್ಟು ಕಾವಿಗೆ ಕೂರುತ್ತದೆ. ಎದ್ದು ಮರಿ ಸಾಕುತ್ತದೆ, ಮತ್ತೆ ಇಡುತ್ತದೆ. ಮೊಟ್ಟೆಯೇ ಮುಖ್ಯ ಎನ್ನುವವರು ಗಿರಿರಾಜ ಅಥವಾ ಸ್ವರ್ಣಧಾರಾ ತರಬಹುದು. ಎರಡೂ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ತಳಿಗಳು. ಊರ ಕೋಳಿಯ ಎರಡು ಪಟ್ಟಿಗಿಂತ ಜಾಸ್ತಿ ಮೊಟ್ಟೆ ಕೊಡುತ್ತವೆ, ಮೈಯೂ ದಪ್ಪ. ಆದರೆ ಗಿರಿರಾಜ ಕಾವಿಗೆ ಕೂರುವುದು ಅಪರೂಪ. ಮೈಭಾರಕ್ಕೆ ಹಾರಲೂ ಆಗುವುದಿಲ್ಲ. ಗಿಡುಗ ಬಂದರೆ ಊರ ಕೋಳಿ ಪೊದೆಗೆ ಹಾರುತ್ತದೆ, ಗಿರಿರಾಜ ತಲೆ ಓರೆ ಮಾಡಿ ಆಕಾಶ ನೋಡುತ್ತಾ ನಿಲ್ಲುತ್ತದೆ.

ನನ್ನ ಪಾಕ ಹೀಗೆ: ಏಳು ಊರ ಹೇಂಟೆ, ಎರಡು ಗಿರಿರಾಜ, ಒಂದು ಹುಂಜ. ಗಿರಿರಾಜದ ಮೊಟ್ಟೆಯನ್ನೂ ಊರ ಹೇಂಟೆಯ ಅಡಿಗೆ ಇಟ್ಟು ಮರಿ ಮಾಡಿಸುತ್ತೇನೆ. ಹುಂಜ ಒಂದೇ ಸಾಕು. ಎರಡಿದ್ದರೆ ಹೇಂಟೆಗಳ ಬೆನ್ನಿನ ಪುಕ್ಕ ಉಳಿಯುವುದಿಲ್ಲ.

ಮರಿಗಳ ಮೊದಲ ತಿಂಗಳು

ತಾಯಿ ಇದ್ದರೆ ನಿಮಗೆ ಕೆಲಸ ಇಲ್ಲ. ತಾಯಿ ಇಲ್ಲದ ಮರಿಗಳಿಗೆ ಶಾಖ ಬೇಕು. ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಕಡಿಮೆ. ರಟ್ಟಿನ ಪೆಟ್ಟಿಗೆಯ ಮೇಲಿನಿಂದ ಹಳೇ ಕಾಲದ 60 ವಾಟ್ ಬಲ್ಬ್ ಇಳಿಬಿಟ್ಟರೆ ಆಯಿತು. ಎಲ್‌ಇಡಿ ಬಲ್ಬ್ ಬೆಳಕು ಕೊಡುತ್ತದೆಯೇ ಹೊರತು ಬಿಸಿ ಕೊಡುವುದಿಲ್ಲ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಅಡಿಗೆ ರಾಶಿ ಬಿದ್ದರೆ ಚಳಿ, ಮೂಲೆಗೆ ಓಡಿ ಬಾಯಿ ತೆರೆದರೆ ಸೆಕೆ, ಅಲ್ಲಲ್ಲಿ ಚದುರಿ ಮಲಗಿದರೆ ಸರಿ. ಕರೆಂಟ್ ಹೋದ ರಾತ್ರಿಗೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ನಡುವೆ ಇಡುವುದು.

ಕೆಳಗೆ ಬರೀ ಪೇಪರ್ ಹಾಸಬೇಡಿ, ಕಾಲು ಜಾರಿ ಅಗಲವಾಗುತ್ತದೆ. ಗೋಣಿ ಅಥವಾ ಎರಡು ಇಂಚು ಉಮಿ ಹಾಸಿ. ನೀರಿನ ತಟ್ಟೆ ಆಳ ಇಲ್ಲದ್ದಾಗಿರಲಿ, ಅದರಲ್ಲಿ ನಾಲ್ಕು ಬೆಣಚುಕಲ್ಲು ಇರಲಿ. ಮರಿ ಒಂದು ಇಂಚು ನೀರಿನಲ್ಲೂ ಮುಳುಗಿ ಸಾಯುತ್ತದೆ.

ಮೇವು

ಮರಿಗಳಿಗೆ ಮೊದಲ ಎಂಟು ವಾರ ಅಂಗಡಿಯ ಮರಿ ಮೇವೇ ಕೊಡಿ. ಬರೀ ನುಚ್ಚು ತಿಂದ ಮರಿ ಬೆಳೆಯುವುದಿಲ್ಲ. ದೊಡ್ಡವು ಹಗಲೆಲ್ಲಾ ಕೆದಕಿ ತಿನ್ನುತ್ತವೆ, ನಾವು ಬೆಳಿಗ್ಗೆ ಸಂಜೆ ಸೇರಿ ತಲೆಗೆ ಒಂದು ಹಿಡಿ ಹಾಕಿದರೆ ಸಾಕು. ತೌಡು, ಕುಚ್ಚಲಕ್ಕಿ ನುಚ್ಚು, ತೆಂಗಿನ ಹಿಂಡಿ, ನಿನ್ನೆಯ ಅನ್ನ. ಮೀನು ಕೊಯ್ದ ತಲೆ ಬಾಲವನ್ನು ಬೇಯಿಸಿ ಹಾಕಿದರೆ ಅವತ್ತು ಅಂಗಳದಲ್ಲಿ ಜಾತ್ರೆ.

ಸಿಪ್ಪೆ ಮೆತ್ತಗಾದ ಮೊಟ್ಟೆ ಬಂತೆಂದರೆ ಸುಣ್ಣದ ಅಂಶ ಸಾಲದು ಎಂದರ್ಥ. ನಮ್ಮಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಮರುವಾಯಿ (ಚಿಪ್ಪುಮೀನು) ಸುಕ್ಕ ಮಾಡಿದ ದಿನ ಚಿಪ್ಪು ಎಸೆಯಬೇಡಿ. ತೊಳೆದು ಒಣಗಿಸಿ, ಗೋಣಿಯಲ್ಲಿ ಸುತ್ತಿ ಗುದ್ದಿ, ಬೇರೆ ತಟ್ಟೆಯಲ್ಲಿಡಿ. ಬೇಕಾದಷ್ಟು ಅವೇ ಹೆಕ್ಕಿಕೊಳ್ಳುತ್ತವೆ.

ಗೆದ್ದಲು ಹಿಡಿಯುವ ಹಳೇ ಉಪಾಯವೂ ಇದೆ. ಒಡೆದ ಮಡಕೆಯಲ್ಲಿ ಬೈಹುಲ್ಲು, ಸೆಗಣಿ ತುಂಬಿ ನೀರು ಚಿಮುಕಿಸಿ, ಗೆದ್ದಲು ಓಡಾಡುವಲ್ಲಿ ಸಂಜೆ ಬೋರಲು ಹಾಕುವುದು. ಬೆಳಿಗ್ಗೆ ಎತ್ತಿ ಮರಿಗಳ ಮುಂದೆ ಕೊಡವುವುದು.

ಕಾವು

ಹೇಂಟೆ ಗೂಡಿನಿಂದ ಏಳುವುದಿಲ್ಲ, ಹತ್ತಿರ ಹೋದರೆ ಮೈ ಉಬ್ಬಿಸಿ ಗುರ್ ಎನ್ನುತ್ತದೆ ಎಂದರೆ ಕಾವು ಬಂದಿದೆ. ಹತ್ತರಿಂದ ಹನ್ನೆರಡು ಮೊಟ್ಟೆ ಇಡಿ, ಅವಳ ಮೈ ಮುಚ್ಚುವಷ್ಟು. ವಾರಕ್ಕಿಂತ ಹಳೆಯದು ಬೇಡ, ಫ್ರಿಜ್‌ನಲ್ಲಿ ಇಟ್ಟದ್ದು ಬೇಡವೇ ಬೇಡ. ಬುಟ್ಟಿಗೆ ಬೈಹುಲ್ಲು ಹಾಕಿ ಕತ್ತಲೆ ಮೂಲೆಯಲ್ಲಿಡಿ. ಅಜ್ಜಿ ಮೊಟ್ಟೆಗಳ ಜೊತೆ ಒಂದು ಕಬ್ಬಿಣದ ಮೊಳೆ, ಒಂದು ತುಂಡು ಇದ್ದಿಲು ಇಡುತ್ತಿದ್ದರು, ಗುಡುಗಿಗೆ ಮೊಟ್ಟೆ ಹಾಳಾಗಬಾರದು ಎಂದು. ನಾನೂ ಇಡುತ್ತೇನೆ. ನಂಬಿಕೆ ಏನಿಲ್ಲ, ಸುಮ್ನೆ.

ಏಳನೇ ರಾತ್ರಿ ಟಾರ್ಚಿನ ಬಾಯಿಗೆ ಮೊಟ್ಟೆ ಹಿಡಿದು ನೋಡಿ. ಒಳಗೆ ಜೇಡನ ಹಾಗೆ ಕಪ್ಪು ಚುಕ್ಕೆ, ಸುತ್ತ ಕೆಂಪು ನರ ಕಂಡರೆ ಮರಿ ಇದೆ. ಪೂರ್ತಿ ತಿಳಿಯಾಗಿ ಕಂಡರೆ ಅದನ್ನು ತೆಗೆದುಬಿಡಿ. ಉಳಿದ ದಿನ ಅವಳಿಗೇ ಬಿಡಿ. ತಿರುಗಿಸುವುದೂ ಅವಳೇ. ದಿನಕ್ಕೊಮ್ಮೆ ಎದ್ದು ತಿಂದು, ಕುಡಿದು, ಮಣ್ಣಿನಲ್ಲಿ ಹೊರಳಿ ಬರುತ್ತಾಳೆ.

ಇಪ್ಪತ್ತನೇ ದಿನ ಕಿವಿ ಹತ್ತಿರ ಕೊಟ್ಟರೆ ಒಡೆಯದ ಮೊಟ್ಟೆಯೊಳಗಿಂದ ಚಿಂವ್ ಕೇಳುತ್ತದೆ. ಹೇಂಟೆ ಗಂಟಲಲ್ಲೇ ಸಣ್ಣಗೆ ಉತ್ತರ ಕೊಡುತ್ತಾಳೆ. ಇಡೀ ಸಾಕಣೆಯಲ್ಲಿ ನನಗೆ ಇದಕ್ಕಿಂತ ದೊಡ್ಡ ಖುಷಿ ಇಲ್ಲ. 21ನೇ ದಿನ ಸಿಪ್ಪೆಯಲ್ಲಿ ಅಕ್ಕಿಕಾಳಿನಷ್ಟು ಬಿರುಕು, ಒಳಗೆ ಅಲ್ಲಾಡುವ ಕೊಕ್ಕು. ಆ ತೂತಿನಿಂದ ಪೂರ್ತಿ ಹೊರಬರಲು ಕೆಲವೊಮ್ಮೆ ಇಡೀ ದಿನ ಬೇಕು. ಪಾಪ ಎಂದು ಸಿಪ್ಪೆ ಬಿಡಿಸಲು ಹೋಗಬೇಡಿ. ಒಳಗಿನ ನರಗಳಲ್ಲಿ ಇನ್ನೂ ರಕ್ತ ಇರುತ್ತದೆ. ನಾನು ಒಮ್ಮೆ ಬಿಡಿಸಿದೆ. ಅಂಗೈಯಲ್ಲೇ ಹೋಯಿತು.

ಲಸಿಕೆ: ಮುಂದೂಡಬೇಡಿ

ಕೊಕ್ಕರೆ ರೋಗ ಅಂದರೆ ರಾಣಿಖೇತ್. ಸುಮಾರು ನೂರು ವರ್ಷದ ಹಿಂದೆ ಉತ್ತರದ ರಾಣಿಖೇತ್ ಊರಿನಲ್ಲಿ ಕಂಡಿದ್ದಕ್ಕೆ ಆ ಹೆಸರು. ಹಸಿರು ಭೇದಿ, ಬಾಯಿ ತೆರೆದು ಉಸಿರು, ಕೆಲವದಕ್ಕೆ ಕುತ್ತಿಗೆ ತಿರುಚಿಕೊಳ್ಳುವುದು. ಬಂದ ಮೇಲೆ ಮದ್ದಿಲ್ಲ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರದ ಹೊತ್ತಿಗೆ ರೆಕ್ಕೆಯಡಿ ಚುಚ್ಚುಮದ್ದು. ಗಂಬೊರೊ ಎಂಬ ಇನ್ನೊಂದು ರೋಗದ, ಸಿಡುಬಿನ ಲಸಿಕೆಯ ದಿನ ಪಶುವೈದ್ಯರನ್ನು ಕೇಳಿ ಬರೆದುಕೊಳ್ಳಿ.

ತೊಂದರೆ ಏನೆಂದರೆ ಲಸಿಕೆಯ ಬಾಟಲಿ ಸಾಮಾನ್ಯವಾಗಿ ನೂರು ಕೋಳಿಯ ಲೆಕ್ಕದ್ದು. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮರಿಗೆ ಇಡೀ ಬಾಟಲಿ ಯಾಕೆ ಎಂದು ನಾನು ಒಂದು ವರ್ಷ ಮುಂದೂಡಿದೆ. ಆ ಮೇ ತಿಂಗಳು ಮೂರು ದಿನದಲ್ಲಿ ಹನ್ನೊಂದರಲ್ಲಿ ಏಳು ಹೋದವು. ಸುಣ್ಣ ಹಾಕಿ ತೋಟದ ತುದಿಯಲ್ಲಿ ಆಳಕ್ಕೆ ಹೂತೆ. ಮೂರನೇ ದಿನ ಗುಂಡಿಯನ್ನು ಮೊದಲೇ ತೋಡಿಟ್ಟುಕೊಂಡಿದ್ದೆ. ಈಗ ನೆರೆಕರೆಯ ನಾಲ್ಕು ಮನೆಯವರು ಸೇರಿ ಒಂದೇ ಬಾಟಲಿ ತರುತ್ತೇವೆ. ಥರ್ಮಾಸ್‌ನಲ್ಲಿ ಐಸ್ ಹಾಕಿ ತಂದು, ಒಂದೇ ಸಂಜೆ ಮನೆಯಿಂದ ಮನೆಗೆ ಓಡುತ್ತೇವೆ.

ಮಳೆಗಾಲದ ಕಾಟ ಬೇರೆ. ಉಮಿ ಒದ್ದೆಯಾದರೆ ಮರಿಗಳಿಗೆ ರಕ್ತಭೇದಿ ಬರುತ್ತದೆ. ಎರಡು ದಿನಕ್ಕೊಮ್ಮೆ ಕೆದಕಿ, ಸ್ವಲ್ಪ ಸುಣ್ಣದ ಹುಡಿ ಬೆರೆಸಿ, ಗಟ್ಟಿ ಕಟ್ಟಿದ್ದನ್ನು ತೆಗೆಯಿರಿ. ಒಟ್ಟೊಟ್ಟಿಗೆ ಹಲವು ಕೋಳಿ ಸತ್ತರೆ ಮುಚ್ಚಿಡದೆ 1962ಕ್ಕೆ ಫೋನ್ ಮಾಡಿ, ಪಶು ಇಲಾಖೆಯ ಸಹಾಯವಾಣಿ ಅದು. ಸತ್ತ ಕೋಳಿಯನ್ನು ತೋಡಿಗೆ ಎಸೆಯುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಕೆಳಗಿನ ಮನೆಯವರೂ ಕೋಳಿ ಸಾಕುತ್ತಾರೆ ಎಂಬ ನೆನಪು ಬೇಡವೇ?

ಹಗಲು ಕಳ್ಳರು, ರಾತ್ರಿ ಕಳ್ಳರು

ಮರಿಗೆ ಕಾಗೆ, ಕೆಂಬೂತ, ಗಿಡುಗ. ಮೊಟ್ಟೆಗೆ ಉಡ, ನಾಗರಹಾವು. ದೊಡ್ಡವಕ್ಕೆ ಹಗಲು ಮುಂಗುಸಿ ಮತ್ತು ಬೀದಿನಾಯಿ, ರಾತ್ರಿ ಕಾಡುಬೆಕ್ಕು, ಹೆಬ್ಬಾವು. ಮೊದಲ ಆರು ವಾರ ಮರಿಗಳನ್ನು ಬಲೆಯ ಒಳಗೇ ಮೇಯಿಸಿದರೆ ಅರ್ಧ ನಷ್ಟ ತಪ್ಪುತ್ತದೆ. ಮೊಟ್ಟೆ ತೆಗೆಯುವಾಗ ಬುಟ್ಟಿಗೆ ನೋಡದೆ ಕೈ ಹಾಕಬೇಡಿ. ಹಾವು ಕಂಡರೆ ನೀವೇ ಹಿಡಿಯಲು ಹೋಗದೆ ಹಿಡಿಯುವವರನ್ನು ಕರೆಯಿರಿ.

ಉಳಿದದ್ದು ಎಣಿಕೆ. ಕತ್ತಲಾಗುವ ಹೊತ್ತಿಗೆ ಕೋಳಿಗಳು ತಾವಾಗಿಯೇ ಗೂಡು ಸೇರುತ್ತವೆ. ಬಾಗಿಲು ಹಾಕುವ ಮೊದಲು ಎಣಿಸಿ. ಮದುವೆ, ನೇಮ, ಯಕ್ಷಗಾನ ಏನೇ ಇರಲಿ, ಒಬ್ಬರು ಮನೆಯಲ್ಲಿ ಇರಲೇಬೇಕು. ಒಂದು ಕಮ್ಮಿ ಇದ್ದರೆ ಆಗಲೇ ಹುಡುಕಿ, ಬೆಳಿಗ್ಗೆ ಸಿಗುವುದು ಪುಕ್ಕ ಮಾತ್ರ.

ಕೊನೆಗೆ ಹುಂಜದ ಪ್ರಶ್ನೆ

ಹನ್ನೆರಡು ಮರಿ ಎದ್ದರೆ ಹೆಚ್ಚುಕಮ್ಮಿ ಅರ್ಧ ಹುಂಜಗಳು. ಅವನ್ನು ಏನು ಮಾಡುವುದು ಎಂದು ಮೊದಲ ದಿನವೇ ಮನೆಯಲ್ಲಿ ಮಾತಾಡಿಕೊಳ್ಳಿ. ಗಿರಾಕಿಗಳು ತಾವಾಗಿ ಬರುತ್ತಾರೆ. ಭೂತಕ್ಕೆ ಕೊಡಲು ಒಂದು ಬೇಕು ಎನ್ನುತ್ತಾ ಕೆಲವರು ಬರುತ್ತಾರೆ. ಬೊಳ್ಳೆ ಇದೆಯಾ, ಕೆಮ್ಮೈರೆ ಇದೆಯಾ ಎಂದು ಬಣ್ಣ ಕೇಳಿಕೊಂಡು ಬರುವವರೂ ಇದ್ದಾರೆ. ಅವರು ಕಾಲು ಹಿಡಿದು, ಎದೆ ಒತ್ತಿ ನೋಡುವ ರೀತಿಯಲ್ಲೇ ಅಂಕಕ್ಕೆ, ಅಂದರೆ ಕೋಳಿ ಕಾಳಗಕ್ಕೆ ಎಂದು ಗೊತ್ತಾಗುತ್ತದೆ. ನಾನು ಅಂಕಕ್ಕೆ ಕೊಡುವುದಿಲ್ಲ. ಕೋಳಿ ಕಾದಾಡಿಸುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಒಪ್ಪುವುದಿಲ್ಲ ಎನ್ನುವುದು ಒಂದು ಕಾರಣ. ಕಾಲಿಗೆ ಬಾಳು (ಸಣ್ಣ ಕತ್ತಿ) ಕಟ್ಟಿದ ಹುಂಜವನ್ನು ಒಮ್ಮೆ ಹತ್ತಿರದಿಂದ ನೋಡಿದ್ದು ಇನ್ನೊಂದು.

ಸಾರಿಗೆ ಎಂದು ಸಾಕುವುದಾದರೆ ಹೆಸರಿಡಬೇಡಿ. ನಮ್ಮ ಮಗಳು ಇಟ್ಟಳು. ಮೂರಕ್ಕೂ ಇಟ್ಟಳು. ಹೋದ ಮಳೆಗಾಲ, ತುಳುವಿನ ಆಟಿ ತಿಂಗಳಲ್ಲಿ ಮುಂಬೈಯಿಂದ ನೆಂಟರು ಬಂದಿದ್ದರು, ಊರ ಕೋಳಿಯ ಕೋರಿ ರೊಟ್ಟಿ ತಿನ್ನಬೇಕೆಂದೇ ಬಂದವರು. ಬೆಳಿಗ್ಗೆ ನಾನು ಗೂಡಿನ ಹತ್ತಿರ ಹೋದೆ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು, ಮಳೆಯಲ್ಲಿ, ಕೊಡೆ ಹಿಡಿದುಕೊಂಡು. ನಾನು ಬೈಕ್ ತೆಗೆದು ಪೇಟೆಗೆ ಹೋಗಿ ಎರಡು ಕಿಲೋ ಬ್ರಾಯ್ಲರ್ ತಂದೆ. ಹಿತ್ತಿಲಿನಲ್ಲಿ ಮೂರು ಹುಂಜ ಸರದಿಯ ಮೇಲೆ ಕೂಗುತ್ತಿದ್ದವು. ನೆಂಟರು ಊಟ ಮಾಡುತ್ತಾ, ಊರ ಕೋಳಿಯ ರುಚಿಯೇ ಬೇರೆ ಎಂದರು.