ಬಂಪರ್ ಬಿಚ್ಚಿ ನೋಡುವ ತನಕ ಲೆಕ್ಕ ಮುಗಿಸಬೇಡಿ

ನಾನು ಬಾಡಿಶಾಪಿನ ಮುಂದಿನ ಟೇಬಲ್ಲಿನಲ್ಲಿ ಕೂತು ಎಸ್ಟಿಮೇಟ್ ಬರೆಯುವವಳು. ಸಣ್ಣದಾಗಿ ಗುದ್ದಿಸಿಕೊಂಡ ಕಾರು ತಂದವರೆಲ್ಲ ಬಂಪರಿನ ಗೀರಿನ ಮೇಲೆ ಬೆರಳಾಡಿಸಿ ಕೇಳುವುದು ಒಂದೇ: "ಸ್ವಲ್ಪವೇ ಆಗಿದೆ ಮೇಡಂ, ಪೇಂಟ್ ಹೊಡೆದರೆ ಸಾಕಲ್ಲವಾ?" ಹೊರಗಿನಿಂದ ನೋಡಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಹೇಳಿದರೆ ಅದು ಊಹೆ. ಆ ಊಹೆಯನ್ನೇ ನಂಬಿ ರಸ್ತೆಯಲ್ಲೇ ಕೈಗೆ ಬಂದಷ್ಟು ದುಡ್ಡು ತೆಗೆದುಕೊಂಡು ವಿಷಯ ಮುಗಿಸಿದವರು, ಇನ್ಶೂರೆನ್ಸ್ ಕಂಪನಿಯ ಕಾಗದಕ್ಕೆ ಅವಸರದಲ್ಲಿ ಸಹಿ ಹಾಕಿದವರು ಆಮೇಲೆ ನನ್ನ ಟೇಬಲ್ಲಿನ ಎದುರು ಕೂತು ಸಂಕಟಪಡುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ನಾವು ಬಂಪರ್ ಎಂದು ತೋರಿಸುವುದು, ಆ ಬಣ್ಣ ಹಚ್ಚಿದ ಭಾಗ, ಸುಮಾರು ಮೂರು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹೊದಿಕೆ ಮಾತ್ರ. ಅದರ ಒಳಗೆ ಪೆಟ್ಟು ಹೀರಿಕೊಳ್ಳುವ ಫೋಮ್ ಇರುತ್ತದೆ. ಫೋಮಿನ ಹಿಂದೆ ಉಕ್ಕಿನದೋ ಅಲ್ಯೂಮಿನಿಯಂನದೋ ಒಂದು ಅಡ್ಡ ಬೀಮ್, ಬೀಮಿನ ಎರಡೂ ತುದಿಯಲ್ಲಿ ಅದನ್ನು ಕಾರಿನ ಮೈಗೆ ಹಿಡಿಸುವ, ಪೆಟ್ಟು ಬಿದ್ದರೆ ಮಡಿಚಿಕೊಳ್ಳುವ ಕ್ರಶ್ ಬಾಕ್ಸ್. ಪೆಟ್ಟು ಬಿದ್ದಾಗ ಪ್ಲಾಸ್ಟಿಕ್ ಒಳಕ್ಕೆ ಬಾಗಿ ಮತ್ತೆ ತನ್ನ ಆಕಾರಕ್ಕೆ ಬಂದುಬಿಡುತ್ತದೆ. ಒಡೆದ ಫೋಮ್, ಬಾಗಿದ ಬೀಮ್ ಹಾಗೆ ಸರಿಹೋಗುವುದಿಲ್ಲ. ಹೊರಗೆ ಒಂದು ಗೀರು, ಒಳಗೆ ಎರಡು ತುಂಡಾದ ಫೋಮ್: ಇದು ನಾವು ದಿನಾ ನೋಡುವ ಚಿತ್ರ. ಮುಂದಿನ ಸಲ ಯಾರಾದರೂ ಗುದ್ದಿದರೆ ಆ ಪೆಟ್ಟನ್ನು ಹೀರಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ.

ಬಂಪರಿಗೆ ಎಷ್ಟು ತಾಕತ್ತಿದೆ ಎಂಬುದೂ ಗೊತ್ತಿರಲಿ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 42ನೇ ನಿಯಮದ ಪ್ರಕಾರ ಬಂಪರನ್ನು ಪರೀಕ್ಷಿಸುವುದು ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ, ಮೂಲೆಗಳನ್ನು 2.5 ಕಿಲೋಮೀಟರಿನಲ್ಲಿ. ಅಮೆರಿಕ 1982ರಲ್ಲಿ ತನ್ನ ಮಾನದಂಡವನ್ನು ಗಂಟೆಗೆ 5 ಮೈಲಿಯಿಂದ 2.5 ಮೈಲಿಗೆ ಇಳಿಸಿತು, ಅದೂ ಹೆಚ್ಚುಕಮ್ಮಿ ಅಷ್ಟೇ. ಮನುಷ್ಯ ಆರಾಮಾಗಿ ನಡೆಯುವ ವೇಗವಿದು. ಸಿಗ್ನಲ್ಲಿನಲ್ಲಿ ಬ್ರೇಕ್ ಹಿಡಿಯದೆ ಹಿಂದಿನಿಂದ ಬಂದವನು ಇದಕ್ಕಿಂತ ಜೋರಾಗಿಯೇ ಬಂದಿರುತ್ತಾನೆ.

ಗುದ್ದಿದ ಜಾಗದಲ್ಲಿ

ಮೊದಲು ಮನುಷ್ಯರು. ಎರಡೂ ಕಾರಿನಲ್ಲಿದ್ದವರನ್ನು ಮಾತಾಡಿಸಿ. ಕುತ್ತಿಗೆ ನೋವು ಎಷ್ಟೋ ಸಲ ಮರುದಿನ ಕಾಣಿಸಿಕೊಳ್ಳುತ್ತದೆ, ಆದ್ದರಿಂದ "ನನಗೇನೂ ಆಗಿಲ್ಲ" ಎಂದು ಯಾರಿಗೂ ಬರೆದುಕೊಡಬೇಡಿ. ಹಜಾರ್ಡ್ ಲೈಟ್ ಹಾಕಿ. ಸಂಚಾರಕ್ಕೆ ಅಪಾಯವಿಲ್ಲದಿದ್ದರೆ ಕಾರು ಸರಿಸುವ ಮೊದಲು ದೂರದಿಂದ ಎರಡು ಮೂರು ಫೋಟೊ ತೆಗೆಯಿರಿ. ಎರಡೂ ಕಾರುಗಳು, ನಂಬರ್ ಪ್ಲೇಟುಗಳು, ರಸ್ತೆಯ ಪಟ್ಟಿಗಳು ಒಂದೇ ಚೌಕಟ್ಟಿನಲ್ಲಿ ಬರಲಿ. ಯಾರು ಯಾವ ಲೇನಿನಲ್ಲಿದ್ದರು ಎಂಬ ಜಗಳವನ್ನು ಮುಂದೆ ಇತ್ಯರ್ಥ ಮಾಡುವುದು ಈ ದೂರದ ಫೋಟೊಗಳೇ. ಎಲ್ಲರೂ ಗೀರಿನ ಹತ್ತಿರ ಹೋಗಿ ಹತ್ತು ಫೋಟೊ ತೆಗೆದಿರುತ್ತಾರೆ, ದೂರದ್ದು ಒಂದೂ ಇರುವುದಿಲ್ಲ.

ಹತ್ತಿರದ ಫೋಟೊಗಳಲ್ಲಿ ನನಗೆ ಬೇಕಾದದ್ದು ಸಂದುಗಳು. ಬಂಪರ್ ಮತ್ತು ಟೇಲ್ ಲ್ಯಾಂಪ್ ನಡುವಿನ ಸಂದು, ಬಂಪರ್ ಮತ್ತು ಫೆಂಡರ್ ನಡುವಿನ ಸಂದು, ಬೂಟ್ ಬಾಗಿಲಿನ ಸುತ್ತಲಿನ ಸಂದು. ಎಡಗಡೆಯದು, ಬಲಗಡೆಯದು ಎರಡನ್ನೂ ತೆಗೆಯಿರಿ. ಒಂದು ಕಡೆ ಸಂದು ಅಗಲವಾಗಿ ಇನ್ನೊಂದು ಕಡೆ ಮುಚ್ಚಿಕೊಂಡಿದ್ದರೆ ಒಳಗೆ ಏನೋ ಜರುಗಿದೆ ಎಂದೇ ಅರ್ಥ. ನೇರವಾಗಿ ನಿಂತು ತೆಗೆದ ಫೋಟೊದಲ್ಲಿ ತಗ್ಗು ಕಾಣುವುದಿಲ್ಲ. ಕೂತು, ಬಂಪರಿನ ಉದ್ದಕ್ಕೆ ಓರೆಯಾಗಿ ಹಿಡಿದು ತೆಗೆಯಿರಿ, ಬೆಳಕು ಅಡ್ಡ ಬಿದ್ದಾಗ ಅಲೆ ಎದ್ದದ್ದು ತಿಳಿಯುತ್ತದೆ. ಎದುರಿನ ಕಾರಿಗೆ ಮೊದಲೇ ಇದ್ದ ಹಳೆಯ ಪೆಟ್ಟುಗಳನ್ನೂ ಬಿಡಬೇಡಿ. ಅವು ಮುಂದೊಂದು ದಿನ ನಿಮ್ಮ ಲೆಕ್ಕಕ್ಕೆ ಬರಬಾರದು.

ಎದುರಿನವರ ಹೆಸರು, ಫೋನ್ ನಂಬರ್, ಲೈಸೆನ್ಸ್, ಗಾಡಿಯ ನೋಂದಣಿ, ಪಾಲಿಸಿ ಇವುಗಳನ್ನು ಬರೆದುಕೊಳ್ಳುವ ಬದಲು ಫೋಟೊ ತೆಗೆದುಕೊಳ್ಳಿ. ಗಾಬರಿಯಲ್ಲಿ ಬರೆದ ನಂಬರಿನಲ್ಲಿ ಒಂದು ಅಂಕಿ ತಪ್ಪೇ ಇರುತ್ತದೆ. ನೋಡಿದವರಿದ್ದರೆ ಅವರ ನಂಬರನ್ನೂ ಕೇಳಿ. ಡ್ಯಾಶ್‌ಕ್ಯಾಮ್ ಇದ್ದರೆ ಆ ತುಣುಕನ್ನು ಅಲ್ಲೇ ಲಾಕ್ ಮಾಡಿ ಅಥವಾ ಫೋನಿಗೆ ಇಳಿಸಿಕೊಳ್ಳಿ. ಕಾರ್ಡ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುವ ಯಂತ್ರವದು, ಕಾಯುವುದಿಲ್ಲ.

ಯಾರಿಗಾದರೂ ಗಾಯವಾಗಿದ್ದರೆ, ಎದುರಿನವರು ಕುಡಿದಿದ್ದರೆ, ವಿವರ ಕೊಡಲು ಒಪ್ಪದಿದ್ದರೆ, ಓಡಿಹೋದರೆ ಪೊಲೀಸರಿಗೆ ಹೇಳಲೇಬೇಕು. ಉಳಿದಂತೆ ನೀವಿರುವಲ್ಲಿನ ಕಾನೂನು ಏನು ಹೇಳುತ್ತದೋ ಹಾಗೆ. ಮಾತು ಸೌಜನ್ಯದಿಂದಿರಲಿ, ಆದರೆ ತಪ್ಪು ಯಾರದೆಂಬ ತೀರ್ಮಾನವನ್ನು ರಸ್ತೆಯಲ್ಲಿ ಮಾಡಬೇಡಿ. "ಪೂರ್ತಿ ಖರ್ಚು ನಾನೇ ಕೊಡುತ್ತೇನೆ" ಎಂದು ಬರೆದುಕೊಟ್ಟರೆ ನಿಮ್ಮ ಇನ್ಶೂರೆನ್ಸ್ ಕಂಪನಿಯೇ ಅದಕ್ಕೆ ಆಕ್ಷೇಪಣೆ ಎತ್ತಬಹುದು. ದುಡ್ಡು ತೆಗೆದುಕೊಳ್ಳುವವರೂ ಅಷ್ಟೇ: ಬಂಪರ್ ಬಿಚ್ಚಿ ನೋಡಿಲ್ಲ, ಎಷ್ಟು ಕೇಳಬೇಕೆಂದು ಹೇಗೆ ಗೊತ್ತು?

ಕ್ಲೇಮ್ ಮಾಡಬೇಕೋ ಬೇಡವೋ

ಕಂಪನಿಗೆ ತಿಳಿಸುವುದು ಬೇರೆ, ಕ್ಲೇಮ್ ಮಾಡುವುದು ಬೇರೆ. ತಿಳಿಸುವುದನ್ನಂತೂ ತಡಮಾಡಬೇಡಿ. ಬಹುತೇಕ ಪಾಲಿಸಿಗಳಲ್ಲಿ ಅಪಘಾತವಾದ ಕೂಡಲೇ ತಿಳಿಸಬೇಕೆಂಬ ಷರತ್ತಿರುತ್ತದೆ. ನೀವು ಸುಮ್ಮನಿದ್ದರೂ ಎದುರಿನವರು ಕೆಲವು ವಾರ ಬಿಟ್ಟು ನಿಮ್ಮ ಮೇಲೆ ದೂರು ಕೊಡಬಹುದು. ಆಗ "ಮೊದಲೇ ಯಾಕೆ ಹೇಳಲಿಲ್ಲ" ಎಂಬ ಪ್ರಶ್ನೆಗೆ ನೀವು ಗುರಿಯಾಗಬಾರದು.

ಕ್ಲೇಮ್ ಮಾಡುವುದು ಲಾಭವೇ ಎಂದು ನೋಡಲು ಪೆನ್ನು ಹಿಡಿದು ಕೂರಿ. ರಿಪೇರಿ ಬಿಲ್ಲು 100 ಎಂದುಕೊಳ್ಳಿ. ಪಾಲಿಸಿಯ ಪ್ರಕಾರ ನೀವೇ ಕಟ್ಟಬೇಕಾದ ಡಿಡಕ್ಟಿಬಲ್ 20. ಪ್ಲಾಸ್ಟಿಕ್ ಭಾಗಗಳಿಗೆ ಸವಕಳಿ, ಅಂದರೆ ಬಳಸಿ ಹಳೆಯದಾದದ್ದಕ್ಕೆ ಇಳಿದ ಬೆಲೆ, ಕಳೆಯುವ ಪಾಲಿಸಿಯಾಗಿದ್ದರೆ ಇನ್ನೊಂದು 30 ಹೋಯಿತು. ಕಂಪನಿ ಕೊಡುವುದು 50. ಈಗ ನೋ ಕ್ಲೇಮ್ ಬೋನಸ್ ಕಡೆ ನೋಡಿ, ಕ್ಲೇಮ್ ಮಾಡದ ವರ್ಷಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಪ್ರೀಮಿಯಂ ರಿಯಾಯಿತಿ ಅದು. ಮುಂದಿನ ವರ್ಷದ ಪ್ರೀಮಿಯಂನಲ್ಲಿ ಸಿಗಬೇಕಿದ್ದ ರಿಯಾಯಿತಿ 35, ಮೆಟ್ಟಿಲು ಮತ್ತೆ ಕೆಳಗಿನಿಂದ ಹತ್ತಬೇಕಾದ್ದರಿಂದ ಅದರ ಮರುವರ್ಷ ಕೈಬಿಡುವುದು 25 ಎಂದಿದ್ದರೆ, 50 ಪಡೆಯಲು 60 ಕಳೆದುಕೊಂಡ ಹಾಗಾಯಿತು. ಇಂಥ ಕಡೆ ಕೈಯಿಂದ ಕಟ್ಟುವುದೇ ಮೇಲು. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಲೆಕ್ಕದ ದಾರಿ ಇದೇ. ಬೋನಸ್ ಉಳಿಸಿಕೊಡುವ ಅಥವಾ ಸವಕಳಿ ಕಳೆಯದ ಆಡ್-ಆನ್ ತೆಗೆದುಕೊಂಡಿದ್ದೀರಾ ಎಂದು ಪಾಲಿಸಿಯ ಪುಟ ತಿರುಗಿಸಿ ನೋಡಿ. ಎಷ್ಟೋ ಜನ ಅದಕ್ಕೆ ದುಡ್ಡು ಕಟ್ಟಿರುತ್ತಾರೆ, ಮರೆತಿರುತ್ತಾರೆ.

ಈ ಲೆಕ್ಕದಲ್ಲಿ ಬಿಲ್ಲಿನ ಅಂಕಿಯೇ ಊಹೆಯಾದರೆ ಎಲ್ಲವೂ ಊಹೆಯೇ. ಅದಕ್ಕೇ ಮೊದಲು ಬಿಚ್ಚಿ ನೋಡಲಿ ಎನ್ನುವುದು.

ತಪ್ಪು ಪೂರ್ತಿ ಎದುರಿನವರದಾದರೆ ಅವರ ಇನ್ಶೂರೆನ್ಸಿನಿಂದ ಕೇಳುವ ದಾರಿಯಿದೆ. ನಿಮ್ಮ ಬೋನಸ್ಸಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ, ಆದರೆ ಸಮಯ ಹಿಡಿಯುತ್ತದೆ. ನಿಮ್ಮ ಕಂಪನಿಯೇ ಮೊದಲು ಕೊಟ್ಟು ಆಮೇಲೆ ಅವರಿಂದ ವಸೂಲಿ ಮಾಡಿಕೊಳ್ಳುವುದೂ ಉಂಟು. ವಸೂಲಾದರೆ ನೀವು ಕಟ್ಟಿದ ಡಿಡಕ್ಟಿಬಲ್ ವಾಪಸ್ ಬರುತ್ತದೆಯೇ ಎಂದು ಕೇಳಿ, ಬರವಣಿಗೆಯಲ್ಲಿ ಕೇಳಿ.

ಸರ್ವೇಯರ್ ಬಂದಾಗ

ಇನ್ಶೂರೆನ್ಸ್ ಕಂಪನಿಯ ಪರವಾಗಿ ಹಾನಿ ಅಳೆಯುವ ಸರ್ವೇಯರ್ ಬಂದು ಸರ್ವೇ ಮಾಡುವ ಮೊದಲು ರಿಪೇರಿ ಶುರು ಮಾಡಿಸಬೇಡಿ, ಮುರಿದ ಚೂರುಗಳನ್ನು ಬಿಸಾಡಬೇಡಿ. ಈಗೀಗ ಫೋಟೊ ನೋಡಿಯೇ ಮೊತ್ತ ನಿಗದಿ ಮಾಡುವುದು ಹೆಚ್ಚಾಗಿದೆ. ಮಾಡಲಿ, ತೊಂದರೆಯಿಲ್ಲ, ಆದರೆ ಅದು ಹೊರಗಿನ ಹೊದಿಕೆಯ ಮೊತ್ತ. ವರ್ಕ್‌ಶಾಪಿನವರಿಗೆ "ಬಂಪರ್ ಬಿಚ್ಚಿದಾಗ ನನ್ನನ್ನು ಕರೆಯಿರಿ, ಒಳಗಿನ ಫೋಟೊ ತೆಗೆಯಿರಿ" ಎಂದು ಮೊದಲೇ ಹೇಳಿಡಿ. ಕ್ಲಿಪ್ಪು, ಬೋಲ್ಟು ತೆಗೆದು ಹೊದಿಕೆ ಇಳಿಸುವುದು ದೊಡ್ಡ ಕೆಲಸವೇನಲ್ಲ.

ಇಳಿಸಿದ ಮೇಲೆ ಏನು ನೋಡಬೇಕು? ಹೊದಿಕೆಯ ಒಳಮೈಯಲ್ಲಿ ಬಿಳಿ ಗೆರೆಗಳಿದ್ದರೆ ಪ್ಲಾಸ್ಟಿಕ್ ಅಲ್ಲಿ ಎಳೆತಕ್ಕೆ ಸಿಕ್ಕಿದೆ. ಫೋಮಿನಲ್ಲಿ ಬಿರುಕು, ಒತ್ತಿಹೋದ ಜಾಗ. ಬೀಮಿನ ಮೇಲೆ ಬಣ್ಣ ಎದ್ದ ಜಾಗ. ಕ್ರಶ್ ಬಾಕ್ಸಿನ ಮಡಿಕೆ. ಹಿಂದಿನಿಂದ ಪೆಟ್ಟಾಗಿದ್ದರೆ ಬೂಟಿನ ಕಾರ್ಪೆಟ್ ಎತ್ತಿ, ಸ್ಟೆಪ್ನಿ ಇಡುವ ಗುಂಡಿಯ ತಗಡು ಸುಕ್ಕುಗಟ್ಟಿದೆಯೇ ನೋಡಿ. ಮುಂದಿನಿಂದಾದರೆ ರೇಡಿಯೇಟರ್, ಎ.ಸಿ. ಕಂಡೆನ್ಸರ್, ಹೆಡ್‌ಲ್ಯಾಂಪ್ ಹಿಡಿಸುವ ಕಿವಿಗಳು. ಹೆಡ್‌ಲ್ಯಾಂಪಿನ ಗಾಜು ಸರಿಯಿದ್ದು ಹಿಂದಿನ ಕಿವಿಯೊಂದು ಮುರಿದಿದ್ದರೂ ಬೆಳಕು ಅಡ್ಡಾದಿಡ್ಡಿ ಬೀಳುತ್ತದೆ.

ಸಿಕ್ಕಿದ್ದನ್ನೆಲ್ಲ ಸೇರಿಸಿ ಪೂರಕ ಎಸ್ಟಿಮೇಟ್ ಕಳಿಸುವುದು ನಮ್ಮಂಥವರ ದಿನನಿತ್ಯದ ಕೆಲಸ. ಫೋಟೊ ಇದ್ದರೆ ಸರ್ವೇಯರ್ ಸಾಮಾನ್ಯವಾಗಿ ಒಪ್ಪುತ್ತಾರೆ. ಆದರೆ ಅಷ್ಟರೊಳಗೆ ನೀವು "ಪೂರ್ಣ ಮತ್ತು ಅಂತಿಮ ಪರಿಹಾರ" ಎಂಬ ಕಾಗದಕ್ಕೆ ಸಹಿ ಹಾಕಿದ್ದರೆ ನಮ್ಮ ಕೈ ಕಟ್ಟಿದಂತೆ.

ರಿಪೇರಿಯೋ, ಹೊಸದೋ

ಹೊದಿಕೆಯ ಒಳಮೈಯಲ್ಲಿ ಎಲ್ಲೋ ಒಂದು ಕಡೆ "ಪಿಪಿ+ಇಪಿಡಿಎಂ-ಟಿಡಿ20" ಎಂಬಂಥ ಅಚ್ಚು ಇರುತ್ತದೆ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿಗೆ ರಬ್ಬರ್ ಬೆರೆಸಿ, ನೂರಕ್ಕೆ 20 ಭಾಗ ಟಾಲ್ಕ್ ಪುಡಿ ಸೇರಿಸಿದ್ದಾರೆ ಎಂದರ್ಥ. ಇದು ಸುಮಾರು 160 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗುತ್ತದೆ, ಆದ್ದರಿಂದ ಬಿರುಕನ್ನು ಅದೇ ಜಾತಿಯ ರಾಡ್ ಇಟ್ಟು ವೆಲ್ಡ್ ಮಾಡಬಹುದು. ಬಿರುಕನ್ನು ವಿ ಆಕಾರಕ್ಕೆ ಕೊರೆದು, ಹಿಂದಿನಿಂದ ಸ್ಟೀಲ್ ಜಾಲರಿ ಕೂರಿಸಿ ಬೆಸೆದರೆ ಗಟ್ಟಿಯಾಗಿ ನಿಲ್ಲುತ್ತದೆ. ಬರೀ ಪುಟ್ಟಿ ಮೆತ್ತಿ ಮುಚ್ಚಿದ್ದು ಮೊದಲ ಒತ್ತಡಕ್ಕೇ ಬಾಯಿ ಬಿಡುತ್ತದೆ. ಬಣ್ಣ ಒಡೆಯದ ತಗ್ಗು ಮಾತ್ರವಾದರೆ ಬಿಸಿನೀರು ಸುರಿದು ಹಿಂದಿನಿಂದ ಒತ್ತಿದರೂ ಎದ್ದುಬರುತ್ತದೆ. ಆದರೆ ಹಾಗೆ ಎಬ್ಬಿಸುವ ಮೊದಲು ಫೋಟೊ ಮತ್ತು ಸರ್ವೇ ಮುಗಿದಿರಲಿ.

ಬಂಪರನ್ನು ಕಾರಿನ ಮೈಗೆ ಹಿಡಿಸುವ ಕಿವಿಗಳು ಮುರಿದು ಚೂರು ಕಳೆದುಹೋಗಿದ್ದರೆ, ಬಿರುಕು ಅಂಚಿನ ತನಕ ಹರಿದಿದ್ದರೆ ಹೊಸದು ಹಾಕಿಸಿ. ಇನ್ನೊಂದು ಸಂದರ್ಭ ರೇಡಾರ್. ಮುಂದಿನ ವಾಹನದ ಅಂತರ ಅಳೆಯುವ ರೇಡಾರ್, ಹಿಂಬದಿಯ ಮೂಲೆಗಳಲ್ಲಿ ಕುಳಿತು ಪಕ್ಕದಿಂದ ಬರುವವರನ್ನು ಹೇಳುವ ರೇಡಾರ್ ಎಷ್ಟೋ ಕಾರುಗಳಲ್ಲಿ ಬಂಪರಿನ ಹಿಂದೆಯೇ ಇರುತ್ತವೆ. ಅವುಗಳ ತರಂಗ ಆ ಪ್ಲಾಸ್ಟಿಕ್ಕಿನ ಮೂಲಕವೇ ಹೊರಗೆ ಹೋಗಿ ವಾಪಸ್ ಬರಬೇಕು. ಅದರ ಮುಂದೆ ಪುಟ್ಟಿ, ಜಾಲರಿ, ಪದರದ ಮೇಲೆ ಪದರ ಮೆಟಾಲಿಕ್ ಬಣ್ಣ ಬಂದರೆ ತರಂಗ ಕ್ಷೀಣಿಸುತ್ತದೆ. ಆ ಜಾಗದಲ್ಲಿ ರಿಪೇರಿ ಮಾಡಬಾರದೆಂದು ಹಲವು ತಯಾರಕರೇ ಹೇಳುತ್ತಾರೆ. ಬಂಪರ್ ತೆಗೆದು ಹಾಕಿದ ಮೇಲೆ ನಿಮ್ಮ ಕಾರಿಗೆ ರೇಡಾರ್ ಕ್ಯಾಲಿಬ್ರೇಶನ್, ಅಂದರೆ ಅದರ ದಿಕ್ಕು, ಅಳತೆ ಸರಿಹೊಂದಿಸುವ ಕೆಲಸ, ಬೇಕೇ ಎಂದು ಕೇಳಿ. ಬೇಕಿದ್ದರೆ ಅದು ಎಸ್ಟಿಮೇಟಿನಲ್ಲಿ ಬೇರೆ ಸಾಲಾಗಿಯೇ ಇರಲಿ, ಮುಗಿದ ಮೇಲೆ ಅದರ ವರದಿ ಕೈಗೆ ಬರಲಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಬಣ್ಣ ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ರೇಡಾರ್ ಕೆಟ್ಟದ್ದು ಬ್ರೇಕ್ ಬೇಕಾದ ಹೊತ್ತಿಗೆ ಗೊತ್ತಾದರೆ ಏನು ಮಾಡುತ್ತೀರಿ?

ಬಣ್ಣದ ವಿಷಯಕ್ಕೆ ಬಂದರೆ, ಪಾಲಿಪ್ರೊಪಿಲೀನಿಗೆ ಬಣ್ಣ ಸುಲಭವಾಗಿ ಅಂಟುವುದಿಲ್ಲ. ಕಚ್ಚಾ ಪ್ಲಾಸ್ಟಿಕ್ ಕಾಣುವ ಕಡೆಯೆಲ್ಲ ಬಣ್ಣ ಅಂಟುವಂತೆ ಮಾಡುವ ಅಡ್ಹೀಶನ್ ಪ್ರಮೋಟರ್ ಹೊಡೆಯಬೇಕು. ಅದನ್ನು ಬಿಟ್ಟರೆ ಕೆಲವು ತಿಂಗಳಲ್ಲಿ ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ. ಹೊಡೆಯುತ್ತೀರಾ ಎಂದು ಪೇಂಟರನ್ನೇ ಕೇಳಿ, ಬಲ್ಲವರು ಬೇಸರಿಸುವುದಿಲ್ಲ. ಸಿಲ್ವರ್, ಪರ್ಲ್ ಬಣ್ಣಗಳಾದರೆ ಮೊದಲು ತುಂಡು ಕಾರ್ಡಿನ ಮೇಲೆ ಹೊಡೆದು ಬಿಸಿಲಿನಲ್ಲಿ ಕಾರಿನ ಪಕ್ಕ ಹಿಡಿದು ನೋಡಲಿ. ಕಾರಿನ ಲೋಹದ ಮೈಗೆ ಫ್ಯಾಕ್ಟರಿಯಲ್ಲಿ ಕೊಡುವ ಶಾಖವನ್ನು ಪ್ಲಾಸ್ಟಿಕ್ ತಾಳುವುದಿಲ್ಲ, ಹಾಗಾಗಿ ಬಂಪರನ್ನು ಬಹಳಷ್ಟು ಕಡೆ ಬೇರೆಯೇ ಪೇಂಟ್ ಮಾಡಿರುತ್ತಾರೆ. ಹೊಸ ಕಾರಿನಲ್ಲೇ ಕೂದಲೆಳೆಯಷ್ಟು ವ್ಯತ್ಯಾಸ ಇರಬಹುದು. ಅದಕ್ಕಿಂತ ಹೆಚ್ಚು ಕಂಡರೆ ಒಪ್ಪಬೇಡಿ.

ಕಾರು ಬಿಡಿಸಿಕೊಳ್ಳುವಾಗ

ಹಗಲಿನಲ್ಲಿ ಹೋಗಿ. ಎಡಬಲ ಸಂದುಗಳನ್ನು ಹಳೆಯ ಫೋಟೊಗಳ ಜೊತೆ ಹೋಲಿಸಿ. ಎಲ್ಲ ಲೈಟು, ನಂಬರ್ ಪ್ಲೇಟಿನ ಲೈಟು, ಪಾರ್ಕಿಂಗ್ ಸೆನ್ಸರ್ ಒಂದೊಂದಾಗಿ ನೋಡಿ. ಟೋ ಹುಕ್ಕಿನ ಮುಚ್ಚಳ ಇದೆಯೇ, ಚಕ್ರದ ಮೇಲಿನ ಲೈನರಿಗೆ ಕ್ಲಿಪ್ಪುಗಳು ಬಿದ್ದಿವೆಯೇ ಬಗ್ಗಿ ನೋಡಿ. ಹಿಂಬದಿಯ ಕೆಲಸವಾಗಿದ್ದರೆ ನೀರು ಹಾಯಿಸಿ, ಬೂಟಿನ ಒಳಗೆ ಒದ್ದೆಯಾಗಿದೆಯೇ ಮುಟ್ಟಿ ನೋಡಿ. ಬಿಲ್ಲಿನಲ್ಲಿ ಹೊಸ ಫೋಮ್, ಹೊಸ ಬೀಮ್ ಎಂದಿದ್ದರೆ ಹಳೆಯದನ್ನು ತೋರಿಸಲು ಹೇಳಿ. ಹೊಸ ಬಣ್ಣ ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಸುಮಾರು ಒಂದು ತಿಂಗಳು ವ್ಯಾಕ್ಸ್ ಬೇಡ, ಪ್ರೆಶರ್ ವಾಶರಿನ ನಳಿಗೆಯನ್ನು ಬಂಪರಿನ ಅಂಚಿಗೆ ಹತ್ತಿರ ಹಿಡಿಯುವುದಂತೂ ಬೇಡವೇ ಬೇಡ.

ಇಷ್ಟೆಲ್ಲ ನೋಡಿ ತೃಪ್ತಿಯಾದ ಮೇಲೆ ಅಂತಿಮ ಕಾಗದಕ್ಕೆ ಸಹಿ ಹಾಕಿ. ಬಿಚ್ಚಿದಾಗಿನ ಫೋಟೊ, ಪೂರಕ ಎಸ್ಟಿಮೇಟ್, ಬಿಲ್ಲು, ಕ್ಯಾಲಿಬ್ರೇಶನ್ ವರದಿ ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ. ಮುಂದೆ ಕಾರು ಮಾರುವಾಗ ಕೊಳ್ಳುವವರು ಕೇಳುವುದು ಇದನ್ನೇ. ಅದೇ ಜಾಗಕ್ಕೆ ಮತ್ತೆ ಯಾರಾದರೂ ಗುದ್ದಿದರೆ ಹಳೆಯ ಪೆಟ್ಟು ಸರಿಹೋಗಿತ್ತು ಎಂದು ತೋರಿಸಲೂ ಇದೇ ಬೇಕು.