ಕ್ಷೌರದ ಕತ್ತಿಗೆ ಮರದ ಹಿಡಿ: ನಾನು ಮಾಡುವ ಬಗೆ

ಹಳೆಯ ಮಡಚುವ ಕ್ಷೌರದ ಕತ್ತಿಗಳಲ್ಲಿ ಸಾಮಾನ್ಯವಾಗಿ ಅಲಗು ಗಟ್ಟಿಯಾಗಿರುತ್ತದೆ, ಹಿಡಿ ಹೋಗಿರುತ್ತದೆ. ಶೆಫೀಲ್ಡ್‌ನದೋ ಸೋಲಿಂಗೆನ್‌ನದೋ ಒಳ್ಳೆ ಉಕ್ಕು. ನೂರು ವರ್ಷ ದಾಟಿದ್ದರೂ ಸಾಣೆ ಹಿಡಿದರೆ ಇವತ್ತಿಗೂ ಗಡ್ಡ ಹೆರೆಯುತ್ತದೆ. ಹಿಡಿ ಮಾತ್ರ ಸೀಳಿರುತ್ತದೆ, ಸೊಟ್ಟಗಾಗಿರುತ್ತದೆ. ಅಂಥ ಕತ್ತಿಗಳಿಗೆ ಹೊಸ ಹಿಡಿ ಹಾಕುವುದು ನನ್ನ ಹವ್ಯಾಸ. ಮರದಲ್ಲೇ ಮಾಡುತ್ತೇನೆ. ಬಣ್ಣಬಣ್ಣದ ರೆಸಿನ್ ಹಾಳೆಗಳೂ ಸಿಗುತ್ತವೆ, ಕೆಲಸವೂ ಸುಲಭ. ಆದರೆ ನನಗೆ ಅದು ಪೆನ್ನಿನ ಕ್ಯಾಪಿನ ಹಾಗೆ ಕಾಣುತ್ತದೆ.

ಮೊದಲು ಒಂದು ವಿಷಯ ಸ್ಪಷ್ಟವಾಗಿರಬೇಕು. ಕ್ಷೌರ ಮಾಡುವಾಗ ಈ ಹಿಡಿಯನ್ನು ಯಾರೂ ಮುಷ್ಟಿಯಲ್ಲಿ ಹಿಡಿಯುವುದಿಲ್ಲ. ಬೆರಳುಗಳು ಇರುವುದು ಅಲಗಿನ ಕುತ್ತಿಗೆಯ ಮೇಲೆ, ಅಂದರೆ ಹಿಡಿಗೆ ಸೇರುವ ಹರಿತವಿಲ್ಲದ ಭಾಗದ ಮೇಲೆ; ಕಿರುಬೆರಳು ಅದರ ಹಿಂತುದಿಯ ಬಾಲದ ಮೇಲೆ. ಹಿಡಿ ಸುಮ್ನೆ ಮೇಲಕ್ಕೆ ಚಾಚಿಕೊಂಡಿರುತ್ತದೆ. ಅದರ ಕೆಲಸ ಎರಡೇ. ಮಡಚಿದಾಗ ಅಲಗಿನ ಬಾಯಿಗೆ, ಅಂದರೆ ಹರಿತದ ಅಂಚಿಗೆ, ಏನೂ ತಗುಲದಂತೆ ಕಾಯುವುದು, ಬಿಚ್ಚಿದಾಗ ತೂಕ ಸರಿದೂಗಿಸುವುದು. ಹಾಗಾಗಿ ಈ ಕೆಲಸದಲ್ಲಿ ಮರದ ಅಂದಕ್ಕಿಂತ ನೇರ, ಸಮ, ನಡುವೆ ಅನ್ನುವ ಮೂರು ಮಾತೇ ಮುಖ್ಯ. ಚೆಂದದ ಮರ ಕತ್ತರಿಸಿ ಪಾಲಿಶ್ ಹಾಕುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ. ಅಲಗು ಹಿಡಿಯ ಎರಡು ಮರದ ಪಟ್ಟಿಗಳ ಸರಿಯಾದ ನಡುವೆ ಬಂದು ಕೂರುವಂತೆ ಮಾಡುವುದರಲ್ಲೇ ಇರುವುದು ಕೈಚಳಕ.

ಶುರು ಮಾಡುವ ಮೊದಲು ಅಲಗಿನ ಬಾಯಿಗೆ ದಪ್ಪ ಟೇಪ್ ಸುತ್ತುತ್ತೇನೆ. ಇದು ಬೆರಳಿಗೂ ಒಳ್ಳೆಯದು, ಬಾಯಿಗೂ ಒಳ್ಳೆಯದು. ಆಮೇಲೆ ಅಲಗನ್ನು ಹಿಡಿಗೆ ಸೇರಿಸಿರುವ ಹಳೆಯ ಪಿನ್ ತೆಗೆಯಬೇಕು. ಅದರ ಗುಂಡು ತಲೆಯನ್ನು ಸಣ್ಣ ಅರದಿಂದ ಉಜ್ಜಿ ಸಮ ಮಾಡಿ, ಪಿನ್ನಿಗಿಂತ ತೆಳುವಾದ ಪಂಚ್ ಇಟ್ಟು ಕೆಳಗೆ ತಳ್ಳುತ್ತೇನೆ. ಹಠ ಮಾಡಿದರೆ ಡ್ರಿಲ್ ಹಾಕಬೇಕಾಗುತ್ತದೆ. ಆಗ ನಿಧಾನದ ವೇಗವೇ ಸರಿ. ಕತ್ತಿಯ ಉಕ್ಕು ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿ ಕಾದರೆ ಹದ ಕಳೆದುಕೊಳ್ಳತೊಡಗುತ್ತದೆ. ಬೆರಳಿಗೆ ಬಿಸಿ ಅನ್ನಿಸಿದ ಕೂಡಲೇ ನಾನು ನಿಲ್ಲಿಸುತ್ತೇನೆ.

ಹಳೆಯ ಹಿಡಿ ಸೆಲ್ಯುಲಾಯ್ಡ್‌ನದಾಗಿದ್ದರೆ ಅದನ್ನು ಬೇಗ ಬೇರೆ ಮಾಡುವುದು ಒಳ್ಳೆಯದು. 1870ರ ಆಸುಪಾಸಿನಲ್ಲಿ ಬಂದ ಈ ಪ್ಲಾಸ್ಟಿಕ್ಕು ದಂತ, ಆಮೆಚಿಪ್ಪಿನಂತೆ ಕಾಣುವ ಅಗ್ಗದ ವಸ್ತುವಾಗಿ ರೇಜರ್‌ಗಳಿಗೆ ಬಹಳ ಬಳಕೆಯಾಯಿತು. ವಯಸ್ಸಾದ ಮೇಲೆ ಅದು ಒಳಗೊಳಗೇ ಕೊಳೆಯುತ್ತದೆ. ಆಗ ಹೊರಬರುವ ಆಮ್ಲದ ಆವಿ ಪಕ್ಕದಲ್ಲಿರುವ ಉಕ್ಕನ್ನು ತಿನ್ನುತ್ತದೆ. ಹಿಡಿಯೊಳಗೆ ಮುಚ್ಚಿಕೊಂಡಿದ್ದ ಭಾಗದಲ್ಲೇ ತುಕ್ಕು ಜಾಸ್ತಿ ಕಂಡರೆ ನಾನು ಮೊದಲು ಅನುಮಾನಿಸುವುದು ಇದನ್ನೇ. ಬೆಂಕಿಯೂ ಬೇಗ ಹಿಡಿಯುತ್ತದೆ. ತೆಗೆದ ತುಂಡುಗಳನ್ನು ಬೇರೆ ರೇಜರ್‌ಗಳ ಜೊತೆ ಡಬ್ಬಿಯಲ್ಲಿ ಇಡಬೇಡಿ.

ಇನ್ನು ಮರ. ಬೇಕಾಗುವುದು ಬಹಳ ಕಡಿಮೆ. ಒಂದು ಗೇಣಿಗಿಂತ ಕಡಿಮೆ ಉದ್ದದ ತುಂಡು ಸಾಕು. ಹಳೆಯ ಕುರ್ಚಿಯ ಕಾಲು, ಮುರಿದ ಪೆಟ್ಟಿಗೆಯ ಹಲಗೆ, ಬಡಗಿಯ ಮೂಲೆಯಲ್ಲಿ ಬಿದ್ದ ಚೂರು, ಎಲ್ಲವೂ ಆಗುತ್ತದೆ. ಹಳೆಯ ಪೀಠೋಪಕರಣದ ಮರ ನನಗೆ ಇಷ್ಟ. ಅದು ವರ್ಷಗಟ್ಟಲೆ ಒಣಗಿ ತನ್ನ ಆಟ ಮುಗಿಸಿರುತ್ತದೆ. ಬೀಟೆ, ಕರಿಮರ, ವಾಲ್‌ನಟ್, ಆಲಿವ್ ಇವೆಲ್ಲ ಚೆನ್ನಾಗಿ ಬರುತ್ತವೆ. ತೇಗ ನೀರು ತಡೆಯುತ್ತದೆ, ಆದರೆ ಇಷ್ಟು ತೆಳುವಾಗಿ ಸೀಳಿದಾಗ ಅದರ ನಾರು ಸ್ವಲ್ಪ ಒರಟು ಅನ್ನಿಸುತ್ತದೆ. ಬೀಟೆಯ ಬಗ್ಗೆ ಒಂದು ಮಾತು. ಅದು ಸೇರಿರುವ ಡಾಲ್ಬರ್ಜಿಯಾ ಕುಲದ ಮರಗಳನ್ನು 2017ರಲ್ಲಿ ಸೈಟಿಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ, ಪಟ್ಟಿಗೆ ಸೇರಿಸಿದರು. ಗಡಿ ದಾಟಿಸುವ ಯೋಚನೆ ಇದ್ದರೆ ಮೊದಲು ನಿಯಮ ನೋಡಿಕೊಳ್ಳಬೇಕು. ಹೊಸದನ್ನು ಕೊಳ್ಳುವುದಕ್ಕಿಂತ ಹಳೆಯ ಚೂರು ಹುಡುಕುವುದೇ ನೆಮ್ಮದಿ.

ಮರದ ನಾರಿನ ಗೆರೆ ಉದ್ದಕ್ಕೆ ನೇರವಾಗಿ ಓಡಬೇಕು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಸುಳಿ ಸುಳಿಯಾದ ಗಂಟಿನ ಭಾಗ ನೋಡಲು ಮೋಹಕ, ಆದರೆ ಮೂರು ಮಿಲಿಮೀಟರ್ ದಪ್ಪಕ್ಕೆ ಇಳಿಸಿ ಎರಡು ತೂತು ಕೊರೆದಾಗ ಅದು ಪಿನ್ನಿನ ಹತ್ತಿರವೇ ಬಿರುಕು ಬಿಡುತ್ತದೆ. ಅಂಥದ್ದೇ ಬೇಕು ಅಂದರೆ ಒಳಬದಿಗೆ ತೆಳು ಹಿತ್ತಾಳೆ ತಗಡನ್ನೋ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನೋ ಅಂಟಿಸಿ ಬಲ ಕೊಡಬೇಕು.

ದೂಳಿನ ಬಗ್ಗೆ ಹಗುರವಾಗಿ ಯೋಚಿಸಬಾರದು. ಬೀಟೆಯ ಜಾತಿಯ ಮರಗಳ ದೂಳು ಹಲವರಿಗೆ ಚರ್ಮ ಕೆರೆಯುವಂತೆ ಮಾಡುತ್ತದೆ, ಉಸಿರಿಗೂ ಕಷ್ಟ. ಮಾಸ್ಕ್ ಇಲ್ಲದೆ ನಾನು ಉಪ್ಪುಕಾಗದ ಮುಟ್ಟುವುದಿಲ್ಲ.

ಮರಕ್ಕೆ ಗರಗಸ ಹಾಕುವ ಮೊದಲು ಕಾಗದದ ಕೆಲಸ ಇದೆ. ದಪ್ಪ ರಟ್ಟಿನ ಮೇಲೆ ಅಲಗನ್ನು ಇಟ್ಟು ಸುತ್ತ ಗೆರೆ ಎಳೆಯುತ್ತೇನೆ. ಪಿನ್ನಿನ ತೂತಿನ ಜಾಗದಲ್ಲಿ ಒಂದು ಮೊಳೆ ಚುಚ್ಚಿ, ಅಲಗನ್ನು ಅದರ ಸುತ್ತ ತಿರುಗಿಸಿ, ಮಡಚಿದ ಸ್ಥಿತಿಯಲ್ಲೂ ಗೆರೆ ಎಳೆಯುತ್ತೇನೆ. ಆ ಎರಡನೇ ಗೆರೆಯೇ ಹಿಡಿಯ ಆಕಾರ ತೀರ್ಮಾನಿಸುತ್ತದೆ. ಮಡಚಿದಾಗ ಬಾಯಿ ಪೂರ್ತಿ ಪಟ್ಟಿಗಳ ಮರೆಯಲ್ಲಿರಬೇಕು, ಬೆನ್ನು ಸ್ವಲ್ಪ ಹೊರಗೆ ಕಾಣಬೇಕು, ಅಲಗಿನ ತುದಿಗೂ ಹಿಡಿಯ ಕೊನೆಯಲ್ಲಿ ಪಟ್ಟಿಗಳ ನಡುವೆ ಕೂರುವ ಬೆಣೆಗೂ ನಡುವೆ ಕೆಲವು ಮಿಲಿಮೀಟರ್ ಜಾಗ ಉಳಿಯಬೇಕು. ಅಲಗಿನ ಅಗಲವನ್ನು ಅಂಗುಲದ ಎಂಟನೇ ಭಾಗಗಳಲ್ಲಿ ಹೇಳುವುದು ರೂಢಿ. 5/8 ಅಂದರೆ ಸುಮಾರು 16 ಮಿಲಿಮೀಟರ್, 6/8 ಅಂದರೆ 19. ಐದಕ್ಕೆ ಮಾಡಿದ ತೆಳ್ಳನೆಯ ನಮೂನೆಯನ್ನು ಏಳಕ್ಕೆ ಹಾಕಿದರೆ ಬಾಯಿ ಆ ಕಡೆಯಿಂದ ಇಣುಕುತ್ತದೆ. ಅದು ಬೆರಳು ಕುಯ್ಯುವ ಹಿಡಿ. ಹಳೆಯ ಹಿಡಿ ಅರ್ಧಂಬರ್ಧ ಉಳಿದಿದ್ದರೆ ಅದರ ಅಳತೆಯನ್ನೇ ನಕಲು ಮಾಡುವುದು ಜಾಣತನ. ಆ ಕಾಲದವರು ಸುಮ್ನೆ ಆ ಬಾಗು ಕೊಟ್ಟಿರಲಿಲ್ಲ.

ಒಂದೇ ತುಂಡನ್ನು ನಡುವೆ ಸೀಳಿ ಎರಡು ಪಟ್ಟಿ ತೆಗೆಯುತ್ತೇನೆ. ಎರಡೂ ಬದಿಯ ಗೆರೆಗಳು ಜೋಡಿಯಾಗಿ ಬರುತ್ತವೆ, ಹವೆಗೆ ಹಿಗ್ಗಿದರೂ ಕುಗ್ಗಿದರೂ ಎರಡೂ ಹೆಚ್ಚುಕಡಿಮೆ ಒಂದೇ ತರಹ. ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ ಒಳಬದಿಯನ್ನು ಸಪಾಟು ಮಾಡಿ, ದಪ್ಪ ಮೂರೂವರೆ ಮಿಲಿಮೀಟರ್‌ಗೆ ತರುತ್ತೇನೆ. ಕೊನೆಗೆ ಮೂರರ ಹತ್ತಿರ ನಿಲ್ಲುತ್ತದೆ. ಆಮೇಲೆ ಎರಡನ್ನೂ ಎರಡು ಬದಿ ಅಂಟುವ ಟೇಪಿನಿಂದ ಜೋಡಿಸಿ, ಒಂದೇ ತುಂಡು ಎಂಬಂತೆ ಕತ್ತರಿಸಿ, ಅರ ಹಾಕಿ, ತೂತು ಕೊರೆಯುತ್ತೇನೆ. ತೂತಿಗೆ ನಿಂತ ಡ್ರಿಲ್ ಬೇಕೇ ಬೇಕು. ಕೈಡ್ರಿಲ್ಲಿನಲ್ಲಿ ಕೂದಲೆಳೆಯಷ್ಟು ವಾಲಿದರೂ ಅಲಗಿನ ತುದಿಗೆ ಹೋಗುವಷ್ಟರಲ್ಲಿ ಅದು ದೊಡ್ಡದಾಗಿ ಕಾಣುತ್ತದೆ. ಪಿನ್ನಿಗೆ ನಾನು ಬಳಸುವುದು 1/16 ಅಂಗುಲದ, ಅಂದರೆ ಸುಮಾರು 1.6 ಮಿಲಿಮೀಟರಿನ ಹಿತ್ತಾಳೆ ಕಡ್ಡಿ. ಆಕಾರ ಬಂದ ಮೇಲೆ ಟೇಪನ್ನು ಅಸಿಟೋನ್ ಹಾಕಿ ಬಿಡಿಸಿ, ಹೊರಬದಿಯ ಅಂಚುಗಳನ್ನು ಗುಂಡಗೆ ಮಾಡುತ್ತೇನೆ.

ಈಗ ಬೆಣೆ. ಹಿಡಿಯ ಕೊನೆಯಲ್ಲಿ ಎರಡು ಪಟ್ಟಿಗಳ ನಡುವೆ ಕೂರುವ ಈ ಚಿಕ್ಕ ತುಂಡಿಗೆ ಮಿಕ್ಕೆಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡುತ್ತೇನೆ. ಅಲಗಿನ ಕುತ್ತಿಗೆ ಪಿನ್ನಿನ ಹತ್ತಿರ ದಪ್ಪ. ಬೆಣೆ ಅದಕ್ಕಿಂತ ತೆಳು, ಸಾಮಾನ್ಯವಾಗಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಪಟ್ಟಿಗಳು ಪಿನ್ನಿನಿಂದ ಬೆಣೆಯ ಕಡೆಗೆ ಹತ್ತಿರವಾಗುತ್ತಾ ಹೋಗುತ್ತವೆ. ಅದೇ ಕೋನ ಬೆಣೆಯಲ್ಲೂ ಇರಬೇಕು. ಪಿನ್ನಿನ ಕಡೆ ದಪ್ಪ, ಕೊನೆಗೆ ತೆಳು. ಇಷ್ಟೇ ಆಗಿದ್ದರೆ ಸುಲಭವಿತ್ತು. ಬಹಳ ರೇಜರ್‌ಗಳಲ್ಲಿ ಕುತ್ತಿಗೆಯೂ ಬೆನ್ನಿನ ಕಡೆ ದಪ್ಪ, ಕೆಳಗೆ ತೆಳು. ಹಾಗಾಗಿ ಪಟ್ಟಿಗಳು ಅಡ್ಡಕ್ಕೂ ಸ್ವಲ್ಪ ಓರೆಯಾಗಿ ನಿಲ್ಲುತ್ತವೆ. ಬೆಣೆಗೆ ಆ ಓರೆಯೂ ಬೇಕು. ಎರಡು ದಿಕ್ಕಿನ ಇಳಿಜಾರು ಇರುವ ಈ ಚೂರನ್ನು ಯಂತ್ರದಲ್ಲಿ ಮಾಡಲು ಹೋಗುವುದಿಲ್ಲ. ಗಾಜಿನ ಮೇಲಿನ ಉಪ್ಪುಕಾಗದದಲ್ಲಿ, ಬೆರಳಿನ ಒತ್ತಡ ಅತ್ತಿತ್ತ ಬದಲಿಸುತ್ತಾ ಉಜ್ಜುತ್ತೇನೆ. ಪಟ್ಟಿಗಳ ನಡುವೆ ಇಟ್ಟು ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬೆಳಕು ತೂರಬಾರದು.

ಬೆಣೆ ತೀರಾ ದಪ್ಪವಾದರೆ ಪಟ್ಟಿಗಳು ಅಲಗನ್ನು ಹಿಡಿದುಕೊಳ್ಳುವುದೇ ಇಲ್ಲ, ಮಡಚಿದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ತೀರಾ ತೆಳುವಾದರೆ ಪಟ್ಟಿ ಅಲಗಿನ ಮೈಗೆ ತಾಗುತ್ತದೆ. ಹಳೆಯವರು ಸೀಸದ ಬೆಣೆ ಹಾಕುತ್ತಿದ್ದರು. ಮೆತ್ತಗಿರುವುದರಿಂದ ಪಟ್ಟಿಗೆ ತಕ್ಕಂತೆ ಕೂರುತ್ತಿತ್ತು, ತೂಕವೂ ಬರುತ್ತಿತ್ತು. ಸೀಸ ವಿಷ, ಅದರ ಪುಡಿ ನನಗೆ ಬೇಡ. ಮರದ ಪಟ್ಟಿಗೆ ಕೊಂಬಿನ ಅಥವಾ ಹಿತ್ತಾಳೆಯ ಬೆಣೆ ಚೆನ್ನ. ಬಿಚ್ಚಿದ ಕತ್ತಿಯನ್ನು ಪಿನ್ನಿನ ಹತ್ತಿರ ಒಂದು ಬೆರಳ ಮೇಲೆ ನಿಲ್ಲಿಸಿ ನೋಡುತ್ತೇನೆ. ಅಗಲದ ಭಾರಿ ಅಲಗು ಮುಂದಕ್ಕೆ ವಾಲಿದರೆ ಹಿತ್ತಾಳೆ, ಹಗುರದ ಅಲಗಿಗೆ ಕೊಂಬು.

ಜೋಡಿಸುವ ಮುನ್ನ ಮರಕ್ಕೆ ನೀರು ತಡೆಯುವ ಲೇಪ ಬೇಕು. ಮುಖ್ಯವಾಗಿ ಒಳಬದಿಗೆ, ಯಾಕೆಂದರೆ ಪಿನ್ ಬಡಿದ ಮೇಲೆ ಅಲ್ಲಿಗೆ ಬಟ್ಟೆ ಹೋಗುವುದಿಲ್ಲ. 220ರಿಂದ ಶುರು ಮಾಡಿ 600ರ ಉಪ್ಪುಕಾಗದದವರೆಗೆ ಉಜ್ಜುತ್ತೇನೆ. ಎಣ್ಣೆ ಅಂಶ ಇರುವ ಬೀಟೆಯಂಥ ಮರವಾದರೆ ಅಸಿಟೋನ್‌ನಿಂದ ಒರೆಸಿ ತಕ್ಷಣ ಲೇಪ ಹಾಕುತ್ತೇನೆ. ಎರಡು ದಾರಿ ಇವೆ. ಸೂಪರ್‌ಗ್ಲೂ ತೆಳುವಾಗಿ ಹತ್ತಾರು ಪದರ ಹಾಕಿ ಉಜ್ಜಿದರೆ ಗಾಜಿನಂಥ ಹೊಳಪು, ನೀರು ಒಳಗೆ ಹೋಗುವ ಮಾತೇ ಇಲ್ಲ. ಆದರೆ ಅದನ್ನು ಹತ್ತಿಬಟ್ಟೆಯಿಂದ ಸವರಬೇಡಿ, ಹತ್ತಿ ತಾಗಿದರೆ ಬಿಸಿಯಾಗಿ ಹೊಗೆ ಬರುತ್ತದೆ. ಪ್ಲಾಸ್ಟಿಕ್ ಚೀಲದ ತುಂಡು ಸಾಕು. ಇನ್ನೊಂದು ದಾರಿ ಟಂಗ್ ಎಣ್ಣೆ ಇಲ್ಲವೇ ಅಗಸೆ ಎಣ್ಣೆ. ನಿಧಾನ, ವಾರಗಟ್ಟಲೆ ಒಣಗಬೇಕು, ಆದರೆ ಮರ ಮರದ ಹಾಗೇ ಉಳಿಯುತ್ತದೆ. ನನ್ನ ಕತ್ತಿಗಳಿಗೆ ಎಣ್ಣೆ, ಬೇರೆಯವರಿಗೆ ಕೊಡುವುದಕ್ಕೆ ಸೂಪರ್‌ಗ್ಲೂ. ಅವರು ಒದ್ದೆಯಾಗೇ ಇಟ್ಟುಬಿಡುತ್ತಾರೆ ಅಂತ ಗೊತ್ತು! ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬಾರದು. ಅದು ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಪಿನ್ ಬಡಿಯುವ ಮೊದಲು 0-80 ಗಾತ್ರದ, ಹೆಚ್ಚುಕಡಿಮೆ ಪಿನ್ನಿನಷ್ಟೇ ದಪ್ಪದ, ಸಣ್ಣ ಬೋಲ್ಟುಗಳನ್ನು ಅದೇ ತೂತುಗಳಿಗೆ ಹಾಕಿ ಪೂರ್ತಿ ಜೋಡಿಸಿ ನೋಡುತ್ತೇನೆ. ಮಡಚಿ, ಬಿಚ್ಚಿ, ಮೇಲಿನಿಂದ ನೋಡಿ. ಅಲಗು ಒಂದು ಬದಿಗೆ ವಾಲುತ್ತಿದ್ದರೆ ಈಗಲೇ ಸರಿಮಾಡಬೇಕು. ಬೆಣೆಯ ಒಂದು ಬದಿಯನ್ನು ನಾಲ್ಕು ಸಲ ಉಜ್ಜಿದರೂ ಎಷ್ಟೋ ಸಲ ಸಾಕಾಗುತ್ತದೆ. ಪಟ್ಟಿಗೂ ಕುತ್ತಿಗೆಗೂ ನಡುವೆ ತೆಳು ವಾಷರ್ ಹಾಕಿದರೆ ತಿರುಗುವುದೂ ನಯ, ಮರವೂ ಸವೆಯುವುದಿಲ್ಲ.

ಆಮೇಲೆ ಪಿನ್ನಿನ ಸರದಿ. ಮೊದಲು ಬೆಣೆಯ ಕಡೆಯದು, ನಂತರ ಅಲಗಿನ ಕಡೆಯದು. ಪಟ್ಟಿಗಳ ಹೊರಬದಿಗೂ ಒಂದೊಂದು ವಾಷರ್ ಇಟ್ಟು, ಕಡ್ಡಿಯನ್ನು ಅದರ ಮೇಲೆ ಎರಡೂ ಕಡೆ ಒಂದು ಮಿಲಿಮೀಟರ್‌ಗಿಂತ ಕೊಂಚ ಕಡಿಮೆ ಉಳಿಯುವಂತೆ ಕತ್ತರಿಸಿ, ತುದಿಯನ್ನು ಅರದಿಂದ ಚಪ್ಪಟೆ ಮಾಡುತ್ತೇನೆ. ಜಾಸ್ತಿ ಉಳಿಸಿದರೆ ಪಿನ್ ಒಳಗೇ ಬಾಗುತ್ತದೆ, ಕಡಿಮೆಯಾದರೆ ತಲೆ ಕಟ್ಟುವುದಿಲ್ಲ. ಸುತ್ತಿಗೆ ಪುಟ್ಟದಿರಬೇಕು, ಗುಂಡು ಮೂತಿಯದು. ಹೊಡೆತ ಎನ್ನುವಷ್ಟೂ ಅಲ್ಲ, ತಟ್ಟುವುದು. ಅಂಚಿನ ಸುತ್ತ ತಟ್ಟುತ್ತಾ ಹೋದರೆ ಹಿತ್ತಾಳೆ ನಿಧಾನಕ್ಕೆ ಹರಡಿ ಗುಂಡಗಿನ ತಲೆಯಾಗುತ್ತದೆ. ಸ್ವಲ್ಪ ತಟ್ಟಿ ಮಗುಚಿ ಆ ಬದಿ ತಟ್ಟಬೇಕು, ಮತ್ತೆ ಈ ಬದಿ. ಸದ್ದಿನಿಂದಲೇ ಬಿಗಿ ಗೊತ್ತಾಗುತ್ತದೆ. ಸಡಿಲ ಇರುವಾಗ ಬೊದ್ದು ಸದ್ದು, ಬಿಗಿದ ಮೇಲೆ ಚುರುಕು ಸದ್ದು. ಅಲಗಿನ ಪಿನ್ನಿನಲ್ಲಿ ನಾಲ್ಕೈದು ತಟ್ಟಿಗೊಮ್ಮೆ ನಿಲ್ಲಿಸಿ ಅಲಗನ್ನು ತಿರುಗಿಸಿ ನೋಡುತ್ತೇನೆ. ಅರ್ಧ ಬಿಚ್ಚಿ ಬಿಟ್ಟರೆ ಅಲ್ಲೇ ನಿಲ್ಲಬೇಕು, ಆದರೆ ಹೆಬ್ಬೆರಳಿನಿಂದ ತಳ್ಳಿದರೆ ಸಲೀಸಾಗಿ ಹೋಗಬೇಕು. ಸಡಿಲ ಉಳಿದರೆ ಇನ್ನೊಮ್ಮೆ ತಟ್ಟಬಹುದು. ಅತಿ ಬಿಗಿಯಾದರೆ ಪಿನ್ ಕೊರೆದು ತೆಗೆಯುವುದೊಂದೇ ದಾರಿ, ಮರ ಸೀಳದೆ ಉಳಿದಿದ್ದರೆ.

ಮೂರನೇ ಪಿನ್ ಬೇಕೇ ಅಂತ ಕೆಲವರು ಕೇಳುತ್ತಾರೆ. ಉದ್ದದ, ಬಳುಕುವ ಪಟ್ಟಿಗಳಾದರೆ ನಡುವೆ ಒಂದು ಪಿನ್ ಇದ್ದರೆ ಅವು ಅಗಲವಾಗುವುದಿಲ್ಲ. ಗಟ್ಟಿ ಮರದ ಮೂರು ಮಿಲಿಮೀಟರ್ ಪಟ್ಟಿಗೆ ನನಗೆ ಎರಡೇ ಸಾಕು. ತೂತು ಕಡಿಮೆ ಇದ್ದಷ್ಟೂ ಒಳ್ಳೆಯದು.

ಬಳಸಿದ ಮೇಲೆ ಕತ್ತಿಯನ್ನು ಒರೆಸಿ, ಬಿಚ್ಚಿದ ಹಾಗೇ ಗಾಳಿಗೆ ಇಟ್ಟು, ಪೂರ್ತಿ ಒಣಗಿದ ಮೇಲೆ ಮಡಚಬೇಕು. ಪಿನ್ನಿನ ಸಂದಿಗೆ ಅಪರೂಪಕ್ಕೊಮ್ಮೆ ಒಂದು ತೊಟ್ಟು ಎಣ್ಣೆ. ಹವೆ ತೀರಾ ಒಣಗಿದ ತಿಂಗಳುಗಳಲ್ಲಿ ಮರ ಕುಗ್ಗಿ ಅಲಗು ಕೊಂಚ ಸಡಿಲ ಅನ್ನಿಸಬಹುದು. ನಾನು ಆಗ ಸುತ್ತಿಗೆ ಮುಟ್ಟುವುದಿಲ್ಲ. ಮಳೆ ಶುರುವಾಗಿ ಮರ ಮತ್ತೆ ಹಿಗ್ಗಿದ ಮೇಲೂ ಸಡಿಲವೇ ಇದ್ದರೆ ಮಾತ್ರ ಎರಡು ತಟ್ಟು ತಟ್ಟುತ್ತೇನೆ.